ಗ್ರಂಥಪಾಲಕರು ಕಾಲಿಗೆ ಬುದ್ಧಿ ಹೇಳಿದ್ದು

ತಪ್ಪೆಲ್ಲ ಲಿಫ್ಟಿನದು. ಅದು ಆ ದಿನ ಕೆಟ್ಟು ನಿಲ್ಲದಿದ್ದರೆ ಗ್ರಂಥಪಾಲಕರು ಹಳೆಯ ಪತ್ರಿಕೆಗಳ ಕಟ್ಟು ಹೊತ್ತು ಮೂರನೆಯ ಮಹಡಿಗೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ಗೋಡೆ ಹಿಡಿದು ಒಡೆದ ತಿದಿಯ ಹಾಗೆ ಏದುಸಿರು ಬಿಡುತ್ತಿರಲಿಲ್ಲ. ಪುಸ್ತಕ ಹಿಂದಿರುಗಿಸಲು ಬಂದಿದ್ದ ಎಪ್ಪತ್ತೆಂಟರ ಅಜ್ಜಿಯೊಬ್ಬರು ಅವರ ರಟ್ಟೆ ಹಿಡಿದು, "ನಿಧಾನ ಮಗಾ, ಮೆಟ್ಟಿಲು ಎಲ್ಲೂ ಓಡಿಹೋಗಲ್ಲ" ಎಂದು ಸಮಾಧಾನ ಹೇಳುತ್ತಲೂ ಇರಲಿಲ್ಲ. (ಹೇಳಿ, ಕಟ್ಟನ್ನೂ ಇಸಿದುಕೊಂಡು ಹತ್ತಿಬಿಟ್ಟರು. ಅದು ಹೆಚ್ಚು ನೋವಿನ ಸಂಗತಿ.)

ನಲವತ್ತೊಂಬತ್ತು ವರ್ಷ ವಯಸ್ಸಿನ ಗ್ರಂಥಪಾಲಕರ ಅಭಿಮಾನಕ್ಕೆ ಪೆಟ್ಟು ಬಿತ್ತು. ಕೆಳಗಿಳಿದು ಬಂದವರ ಕಣ್ಣಿಗೆ, ತಾವೇ ಹಿಂದಿನ ದಿನ ಸೂಚನಾ ಫಲಕಕ್ಕೆ ಪಿನ್ನು ಚುಚ್ಚಿ ಹಚ್ಚಿದ್ದ ಮ್ಯಾರಥಾನ್ ಭಿತ್ತಿಪತ್ರ ಬಿತ್ತು. ಇನ್ನು ಎಂಟು ತಿಂಗಳಿತ್ತು. ಆ ಗಳಿಗೆಯಲ್ಲೇ ಅರ್ಜಿ ತುಂಬಿದರು.

ಸಂಜೆ ಮನೆಗೆ ಹೋದಾಗ ಹೆಂಡತಿ ಬಿಸಿನೀರಿನ ಟಬ್ಬಿನಲ್ಲಿ ಪಾದ ಇಳಿಬಿಟ್ಟು ಕೂತಿದ್ದರು. ಆಕೆ ಅಂಚೆ ಹಂಚುವ ಕೆಲಸದಲ್ಲಿದ್ದರು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಹದಿನಾಲ್ಕು ಕಿಲೋಮೀಟರ್, ಹೆಗಲಲ್ಲಿ ಚೀಲ.

"ನಾನು ಮ್ಯಾರಥಾನ್ ಓಡ್ತೀನಿ," ಎಂದು ಗ್ರಂಥಪಾಲಕರು ಘೋಷಿಸಿದರು.

"ಎಲ್ಲಿಗೆ?"

"ಎಲ್ಲಿಗೂ ಅಲ್ಲ ಕಣೇ. ನಲವತ್ತೆರಡು ಕಿಲೋಮೀಟರ್ ಓಡಿ, ಹೊರಟ ಜಾಗಕ್ಕೇ ವಾಪಸ್ ಬರೋದು."

"ಹೊರಟ ಜಾಗದಲ್ಲೇ ಇದ್ದೀರಲ್ಲ ಈಗ. ಇನ್ಯಾಕೆ ಕಷ್ಟ?"

ಕಾಲೇಜಿಗೆ ಹೋಗುವ ಮಗಳು ಒಳಗಿನಿಂದ ಕೂಗಿದಳು. "ಅಪ್ಪಾ, ನೀವು ಓಟ ಅಂದ್ರೋ, ಊಟ ಅಂದ್ರೋ?"

ಮಹತ್ಕಾರ್ಯಕ್ಕೆ ಹೊರಟವರಿಗೆ ಮನೆಯಿಂದಲೇ ಇಂಥ ಪ್ರೋತ್ಸಾಹ ಸಿಗುವುದು ಮಾಮೂಲಿ. ಗ್ರಂಥಪಾಲಕರು ಧೃತಿಗೆಡಲಿಲ್ಲ. ಕಾಲಿಗೆ ಬುದ್ಧಿ ಹೇಳುವುದೆಂದರೆ ಉಳಿದವರಿಗೆಲ್ಲ ಎದ್ದು ಓಡುವುದು. ಅವರು ಮಾತ್ರ ನಿಜಕ್ಕೂ ಬುದ್ಧಿಯನ್ನೇ ಹೇಳಲು ಕೂತರು. ಓಟಗಾರರಿಗೆ ಆಗುವ ಗಾಯಗಳು ಮತ್ತು ಅವುಗಳನ್ನು ತಡೆಯುವ ಬಗೆ ಎಂಬ ವಿಷಯದ ಮೇಲೆ ಗ್ರಂಥಾಲಯದಲ್ಲಿದ್ದ ಹನ್ನೊಂದು ಪುಸ್ತಕಗಳೂ ಮನೆಗೆ ಬಂದವು. ಒಂದು ತಿಂಗಳು ಅಧ್ಯಯನ ನಡೆಯಿತು. ಮಂಡಿ ಚಿಪ್ಪಿನ ನೋವು, ತೊಡೆಯ ಹೊರಪಟ್ಟಿಯ ಸೆಳೆತ, ಮೀನಖಂಡದ ಹಿಡಿತ, ಉಜ್ಜಿ ಏಳುವ ಗುಳ್ಳೆ, ಎಲ್ಲ ಬಾಯಿಪಾಠವಾಯಿತು. ಅಡುಗೆಮನೆಯ ಗೋಡೆಗೆ ಪಾದದ ಅಡ್ಡಕೊಯ್ತದ ಚಿತ್ರವೊಂದು ಏರಿತು. (ಅದನ್ನು ನೋಡುತ್ತ ತನಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲವೆಂದು ಮಗಳು ಚಿತ್ರಕ್ಕೆ ಟವೆಲ್ ಹೊದಿಸಿದಳು.)

"ನೋಡು, ನೀನು ಹಿಮ್ಮಡಿ ಊರೋ ರೀತೀನೇ ತಪ್ಪು," ಎಂದು ಒಂದು ದಿನ ಹೆಂಡತಿಗೆ ಪಾಠ ಶುರುವಾಯಿತು. "ಹೀಗೇ ಆದ್ರೆ ಹಿಮ್ಮಡಿ ನೋವು ಇಮ್ಮಡಿ ಆಗತ್ತೆ."

"ಇಪ್ಪತ್ತೆರಡು ವರ್ಷದಲ್ಲಿ ಆಗಲಿಲ್ಲವಲ್ಲ."

"ಅದೇ ಅಪಾಯ! ಲಕ್ಷಣಾನೇ ಕಾಣಿಸ್ತಿಲ್ಲ."

ಒಟ್ಟಿನಲ್ಲಿ ಮೊದಲ ತಿಂಗಳು ಒಂದೇ ಒಂದು ಗಾಯವಿಲ್ಲದೆ ಮುಗಿಯಿತು. ಇದನ್ನು ಗ್ರಂಥಪಾಲಕರು ವೈಜ್ಞಾನಿಕ ವಿಧಾನದ ಗೆಲುವೆಂದು ಬಗೆದರು. ಅವರು ಇನ್ನೂ ಒಂದು ಹೆಜ್ಜೆಯೂ ಓಡಿರಲಿಲ್ಲ ಎಂಬ ಸಣ್ಣ ವಿಷಯವನ್ನು ಯಾರೂ ಎತ್ತಲಿಲ್ಲ.

ಎರಡನೆಯ ತಿಂಗಳ ಮೊದಲ ಭಾನುವಾರ ಓಡಿದರು. ಮೊದಲ ದಿನ ಎಷ್ಟು ದೂರ ಓಡಬೇಕೆಂಬ ವಿಷಯ ಹನ್ನೆರಡನೆಯ ಪುಸ್ತಕದಲ್ಲಿತ್ತು. ಅದನ್ನು ಯಾರೋ ಓದುಗರು ಒಯ್ದು ಇನ್ನೂ ತಂದುಕೊಟ್ಟಿರಲಿಲ್ಲ. ಹೀಗಾಗಿ ಗ್ರಂಥಪಾಲಕರು ಬಾಲ್ಯದ ನೆನಪಿನ ಆಧಾರದ ಮೇಲೆ ಓಡಿದರು. ಹೋಗುವಾಗ ಆರು ಕಿಲೋಮೀಟರ್ ಗಾಳಿಯಂತೆ ಹೋದರು. ಬರುವಾಗ ಬ್ರೆಡ್ಡಿನ ವ್ಯಾನಿನಲ್ಲಿ, ಖಾಲಿ ಟ್ರೇಗಳ ನಡುವೆ ಕಾಲು ಚಾಚಿಕೊಂಡು ಬಂದರು.

ಮರುದಿನ ಬೆಳಿಗ್ಗೆ ಮೊಣಕಾಲಿನಿಂದ ಕಣಕಾಲಿನವರೆಗೆ ಎರಡೂ ಕಾಲಿನ ಮುಂಭಾಗದ ಎಲುಬಿಗೆ ಬೆಂಕಿ ಬಿದ್ದಂತಾಗಿತ್ತು. ಬಚ್ಚಲಿಗೆ ಹೋಗಲು ಗೋಡೆ ಹಿಡಿದು, ಆಗತಾನೇ ನಡೆಯಲು ಕಲಿತ ಮಗುವಿನ ಹಾಗೆ ಹೆಜ್ಜೆ ಇಟ್ಟರು. ಮಗಳು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಕರೆದಳು. ಹೆಂಡತಿ ರಜೆ ಹಾಕಿ ಅವರನ್ನು ಫಿಸಿಯೋಥೆರಪಿ ಮೇಡಂ ಹತ್ತಿರ ಕರೆದೊಯ್ದರು.

ಮೇಡಂ ಗಿಡ್ಡನೆಯ ಹೆಂಗಸು. ಆದರೆ ಹೆಬ್ಬೆರಳು ಕಮ್ಮಾರನದು. ಆ ಹೆಬ್ಬೆರಳಿನಿಂದ ಎಲುಬಿನ ಅಂಚನ್ನು ಒತ್ತುತ್ತ ಕೇಳಿದರು. "ಎಷ್ಟು ದಿನದಿಂದ ಓಡ್ತಿದ್ದೀರಿ?"

"ಅಯ್ಯಯ್ಯೋ! ಒಂದು... ಒಂದು ತಿಂಗಳಿಂದ!"

"ಓದ್ತಿದ್ದಾರೆ, ಮೇಡಂ," ಎಂದು ಹೆಂಡತಿ ತಿದ್ದಿದರು. "ಓಡಿದ್ದು ನಿನ್ನೆ ಒಂದೇ ದಿನ."

ದಕಾರಕ್ಕೂ ಡಕಾರಕ್ಕೂ ಇರುವ ಅಂತರ ಆರು ಕಿಲೋಮೀಟರ್ ಎಂದು ಗ್ರಂಥಪಾಲಕರಿಗೆ ಅಂದು ಅರಿವಾಯಿತು. ಮೇಡಂ ಗದರಿಸಲಿಲ್ಲ. ಎರಡು ವಾರ ಓಟ ಬೇಡ, ನೋವಿರುವಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಆಮೇಲೆ ಬರೀ ನಡಿಗೆ. ಅದು ಸಲೀಸಾದ ಮೇಲೆ ನಡಿಗೆಯ ನಡುವೆ ಚೂರು ಚೂರು ಓಟ. ವಾರದಿಂದ ವಾರಕ್ಕೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಏರಿಸಬೇಡಿ, ವಾರಕ್ಕೊಂದೆರಡು ದಿನ ಕಾಲಿಗೆ ರಜೆ, ದಿನಾ ಒಂಟಿಕಾಲಲ್ಲಿ ನಿಂತು ಸೊಂಟ ತೊಡೆಗಳನ್ನು ಗಟ್ಟಿಮಾಡಿ, ಎಂದರು.

"ಇವೆಲ್ಲ ನಾನೂ ಓದಿದ್ದೆ," ಎಂದರು ಗ್ರಂಥಪಾಲಕರು.

"ನೀವು ಓದಿದ್ರಿ. ನಿಮ್ಮ ಕಾಲು ಓದಿರಲಿಲ್ಲ." ಮೇಡಂ ಹೆಂಡತಿಯ ಕಡೆ ತಿರುಗಿದರು. "ನೀವು ಒಂಚೂರು ಕಾಲು ತೋರಿಸಿ, ಅಮ್ಮಾ." ಮೀನಖಂಡವನ್ನು ಒತ್ತಿ ನೋಡಿದರು. ಹೆಬ್ಬೆರಳು ಒಳಗಿಳಿಯಲಿಲ್ಲ. "ನೋಡಿ ಸಾರ್, ಇದಕ್ಕೆ ಕಾಲು ಅಂತಾರೆ. ಇವರ ಜೊತೆ ನಡೀರಿ."

ಹಾಗೆ ಗ್ರಂಥಪಾಲಕರು ಹೆಂಡತಿಯ ಅಂಚೆ ಸುತ್ತಿಗೆ ಸೇರಿಕೊಂಡರು. ಗ್ರಂಥಾಲಯ ತೆರೆಯುವುದು ಹತ್ತೂವರೆಗೆ. ಅದಕ್ಕೆ ಮೊದಲು ಬೀದಿ ಬೀದಿ. ಮೊದಲ ವಾರ ಆಕೆ ಐದನೆಯ ಗೇಟಿನಲ್ಲಿದ್ದರೆ ಇವರು ಎರಡನೆಯದರಲ್ಲಿ. ಮೂಲೆ ಮನೆಯ ಮುದುಕರೊಬ್ಬರು ಗೇಟಿನ ಮೇಲಿಂದ ಇಣುಕಿ ಕೇಳಿದರು. "ಯಾರಮ್ಮ ಅದು, ಹಿಂದೆ ಕುಂಟ್ಕೊಂಡು ಬರ್ತಿರೋರು?"

"ಹೊಸಬರು, ಟ್ರೈನಿಂಗಲ್ಲಿದ್ದಾರೆ," ಎಂದರು ಹೆಂಡತಿ, ತಿರುಗಿ ನೋಡದೆ.

"ಖಾಯಂ ಆಗ್ತಾರಾ?"

"ಮದುವೆಯಾಗಿ ಇಪ್ಪತ್ತೊಂದು ವರ್ಷದಿಂದ ನೋಡ್ತಿದ್ದೀನಿ."

ಆದರೆ ಆ ಬೆಳಗುಗಳಲ್ಲಿ ಗ್ರಂಥಪಾಲಕರು ಲೆಕ್ಕ ಹಾಕದ ಒಂದು ಸಂಗತಿ ನಡೆಯಿತು. ಮನೆಯಲ್ಲಿ ಗಂಡಹೆಂಡಿರ ಮಾತು ಸೋರುವ ನಲ್ಲಿ, ಮುಗಿದ ಗ್ಯಾಸು, ಕಾಣದ ಛತ್ರಿಗಳ ಆಚೆ ಹೋಗಿ ಎಷ್ಟೋ ವರ್ಷವಾಗಿತ್ತು. ಇಲ್ಲಿ ನೋಡಿದರೆ, ಕಣ್ಣು ಮಂಜಾದ ಗಡಿಯಾರ ರಿಪೇರಿಯವರಿಗೆ ಹೆಂಡತಿ ನಿಂತ ನಿಲುವಿನಲ್ಲೇ ಅವರ ಅಕ್ಕನ ಪತ್ರ ಓದಿ ಹೇಳುತ್ತಿದ್ದರು. ಫಲಿತಾಂಶ ಕಾಯುತ್ತಿದ್ದ ಹುಡುಗಿಗೆ ಬೀದಿಯ ಆ ತುದಿಯಿಂದಲೇ ಕೈಯಾಡಿಸಿ, "ಇವತ್ತೂ ಇಲ್ಲ, ಹೋಗಿ ತಿಂಡಿ ತಿನ್ನು" ಎನ್ನುತ್ತಿದ್ದರು. ಯಾವ ನಾಯಿ ಬೊಗಳುತ್ತದೆ, ಯಾವುದು ಬರೀ ಆಕಳಿಸುತ್ತದೆ, ಎಲ್ಲ ಗೊತ್ತಿತ್ತು. ನಮ್ಮ ಮನೆಯಲ್ಲೇ ಇಂಥ ದೊಡ್ಡ ಗ್ರಂಥವೊಂದಿದ್ದೂ ಇದುವರೆಗೆ ಮುಖಪುಟ ಮಾತ್ರ ನೋಡಿದ್ದೆನಲ್ಲ ಎಂದು ಗ್ರಂಥಪಾಲಕರಿಗೆ ಅನ್ನಿಸಿತು. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟರು.

"ಸಾಕು ಸಾಕು, ಉಸಿರು ಉಳಿಸ್ಕೊಳ್ಳಿ. ಮುಂದೆ ಏರು ಇದೆ," ಎಂದರು ಆಕೆ. ಆದರೆ ಆ ಏರಿನಲ್ಲಿ ಸ್ವಲ್ಪ ನಿಧಾನವಾಗಿ ನಡೆದರು.

ನಡಿಗೆ ಓಟವಾಯಿತು. ಆಕೆ ಬೀದಿಯ ಒಂದು ಬದಿಗೆ ಪತ್ರ ಹಂಚುವಷ್ಟರಲ್ಲಿ ಇವರು ತುದಿ ಮುಟ್ಟಿ ಬರುತ್ತಿದ್ದರು. ಭಾನುವಾರಗಳಲ್ಲಿ ದೂರದ ಓಟ. ಆಕೆ ಸೈಕಲ್ಲಿನಲ್ಲಿ ಪಕ್ಕಕ್ಕೆ. ಬೆಳಿಗ್ಗೆ ಮೂವರೂ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು ಮನೆಯ ಪದ್ಧತಿಯಾಯಿತು. ನೀರಿನ ಮೀಟರ್ ಓದಲು ಬಂದಾತ ಕಿಟಕಿಯಿಂದ ಕಂಡ ಮೂರು ಕೊಕ್ಕರೆಗಳನ್ನು ನೋಡಿ, ಮೀಟರ್ ಓದದೆಯೇ ಹೋದ.

ಓಟದ ಹಿಂದಿನ ದಿನ ಗ್ರಂಥಪಾಲಕರು ಹೊಳೆಯುವ ಹೊಸ ಬೂಟು ಕೊಂಡು ತಂದರು. ಹೆಂಡತಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಯಾಕೇ? ದೊಡ್ಡ ದಿನ ಅಲ್ವೇನೇ?"

"ದೊಡ್ಡ ದಿನ ಅಂತಲೇ. ಪಳಗಿದ ಬೂಟಲ್ಲಿ ಹೋಗಿ, ಪಳಗದೇ ಇರೋರು ನೀವೊಬ್ರೇ ಸಾಕು."

ಬೆಳಕು ಹರಿಯುವ ಹೊತ್ತಿಗೆ ಓಟ ಶುರುವಾಯಿತು. ಗ್ರಂಥಪಾಲಕರು ಉಜ್ಜುವ ಜಾಗಕ್ಕೆಲ್ಲ ವ್ಯಾಸಲೀನ್ ಬಳಿದುಕೊಂಡು, ಹಿಡಿಯಲು ಹೋದರೆ ಜಾರುವಂತಾಗಿದ್ದರು. ನಡೆಯುವವರ ವೇಗದಲ್ಲಿ ಓಡಿದರು. ಓಡುವವರ ಮುಖಭಾವದಲ್ಲಿ ನಡೆದರು. ಮೂವತ್ತಮೂರನೆಯ ಕಿಲೋಮೀಟರಿನಲ್ಲಿ ತೊಡೆಗಳೆರಡೂ ಸೇರಿ ರಾಜೀನಾಮೆ ಪತ್ರ ಸಿದ್ಧಪಡಿಸತೊಡಗಿದವು. ಆ ತಿರುವಿನಲ್ಲೇ ಸೈಕಲ್ ಹಿಡಿದು ಹೆಂಡತಿ, ಬಾಳೆಹಣ್ಣು ಹಿಡಿದು ಮಗಳು.

"ಆಗ್ತಿಲ್ಲ ಕಣೇ," ಎಂದರು ಗ್ರಂಥಪಾಲಕರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಎಲ್ಲರಿಗೂ ಹೇಳಿಬಿಟ್ಟಿದ್ದೀನಿ."

"ಎಲುಬಲ್ಲಿ ನೋವಿದೆಯಾ?"

"ಇಲ್ಲ. ಬರೀ ಸುಸ್ತು."

"ಹಾಗಿದ್ರೆ ನಡೀರಿ. ಪತ್ರ ತಲುಪಿದ್ರೆ ಸಾಕು ರೀ. ಎಷ್ಟು ಜೋರಾಗಿ ಬಂತು ಅಂತ ಯಾರೂ ಕೇಳಲ್ಲ."

ನಡೆದರು. ಆಮೇಲೆ ಓಡಿದರು, ಮತ್ತೆ ನಡೆದರು. ಆರು ಗಂಟೆ ಐವತ್ತೊಂದು ನಿಮಿಷಕ್ಕೆ ಗೆರೆ ದಾಟಿದಾಗ ಕೆಲಸದವರು ಕುರ್ಚಿ ಮಡಚುತ್ತಿದ್ದರು; ಗಾಳಿ ತುಂಬಿದ ಕಮಾನು ಅರ್ಧ ಕುಸಿದು ಬಗ್ಗಿ ನಿಂತಿತ್ತು. ಅದು ತಮಗೇ ತಲೆಬಾಗಿದ್ದೆಂದು ಗ್ರಂಥಪಾಲಕರು ತಿಳಿದರು. ಬೂಟು ಕಳಚಿ ನೋಡಿದರೆ ಒಂದು ಗುಳ್ಳೆಯೂ ಇಲ್ಲ! ಹೆಂಡತಿ ಆ ಬೆವರಿನ ಪಾದವನ್ನು ಮಡಿಲಲ್ಲಿಟ್ಟುಕೊಂಡು ನಕ್ಕರು, ಮಗಳು ಕುಣಿದಳು. ಆ ದಿನ ಆ ಮನೆಯಲ್ಲಿ ನಡೆದದ್ದಕ್ಕೆ ಓಟವಲ್ಲ, ಊಟವೆಂದೇ ಹೆಸರು.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗ್ರಂಥಪಾಲಕರು ಓಟ ಮುಗಿಸಿದವರಿಗೆಲ್ಲ ಕೊಟ್ಟ ಪದಕವನ್ನು ಒಂದು ವಾರ ತೊಟ್ಟುಕೊಂಡೇ ಪುಸ್ತಕ ಎರವಲು ಕೊಟ್ಟರು. ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಅದನ್ನು ಕಂಡು, ಸನ್ಮಾನವನ್ನೂ "ಗಾಯವಿಲ್ಲದೆ ಓಡುವ ಕಲೆ" ಎಂಬ ಉಪನ್ಯಾಸವನ್ನೂ ಏರ್ಪಡಿಸಿದರು. ಗ್ರಂಥಪಾಲಕರು ಮೂವತ್ತೆರಡು ಪುಟ ಬರೆದರು.

ಓದುವ ಕೋಣೆಯಲ್ಲಿ ಎಂಬತ್ತು ಜನ ತುಂಬಿದ್ದರು. ಗ್ರಂಥಪಾಲಕರು ವೇದಿಕೆಯ ಮೇಲೆ ಗಣ್ಯರಿಗೆ ಒಪ್ಪುವಂತೆ ಕಾಲ ಮೇಲೆ ಕಾಲು ಹಾಕಿ ಕೂತರು. ಅಧ್ಯಕ್ಷರು ಎರಡು ಮಾತಿನ ಪರಿಚಯಕ್ಕೆಂದು ಎದ್ದರು. ಮನುಷ್ಯ ನಾಲ್ಕು ಕಾಲಿನಿಂದ ಎರಡು ಕಾಲಿಗೆ ಎದ್ದ ಕಾಲದಿಂದ ಆರಂಭಿಸಿ, ಐವತ್ತು ನಿಮಿಷ ಮಾತಾಡಿ, ಕೊನೆಗೆ, "ಈಗ ನಮ್ಮ ಉಕ್ಕಿನ ಕಾಲಿನ ಸರದಾರರು!" ಎಂದು ಕೈ ಚಾಚಿದರು.

ಸರದಾರರು ಠೀವಿಯಿಂದ ಎದ್ದರು. ಉಕ್ಕಿನ ಕಾಲು ಏಳಲಿಲ್ಲ. ಅದು ಜೋಮು ಹಿಡಿದು ಗಾಢನಿದ್ರೆಯಲ್ಲಿತ್ತು. ಎಡಗಾಲು ಇದೆಯೆಂದು ನಂಬಿ ಅದರ ಮೇಲೆ ಭಾರ ಹಾಕಿದವರು, ಕಣಕಾಲು ಹೊರಳಿ, ಮೈಕನ್ನು ತಬ್ಬಿಕೊಂಡು, ಅಧ್ಯಕ್ಷರ ಚಾಚಿದ ತೋಳಿಗೆ ಬಂದು ಸೇರಿದರು. ಮೂವತ್ತೆರಡು ಪುಟಗಳೂ ಪಾರಿವಾಳಗಳ ಹಾಗೆ ಹಾರಿದವು.

ಮೂರನೆಯ ಸಾಲಿನಿಂದ ಹೆಂಡತಿ ಧಾವಿಸಿ ಬಂದು ಗಂಡನನ್ನು ಕೂರಿಸಿದರು. "ಉಪನ್ಯಾಸದ ಗತಿ ಏನಮ್ಮಾ?" ಎಂದು ಅಧ್ಯಕ್ಷರು ದೀನರಾಗಿ ಕೇಳಿದಾಗ, ಮಗಳು ಅಮ್ಮನ ಕೈಗೆ ಮೈಕು ತುರುಕಿದಳು.

"ನಿಧಾನಕ್ಕೆ ಶುರು ಮಾಡಿ," ಎಂದರು ಆಕೆ. "ಸುಸ್ತಾದ್ರೆ ನಡೀರಿ, ನೋವಾದ್ರೆ ನಿಲ್ಲಿ. ವಾರಕ್ಕೊಂದು ದಿನ ಸುಮ್ನಿರಿ. ಯಾರಾದ್ರೂ ಜೊತೆಗಿದ್ರೆ ದೂರ ಗೊತ್ತಾಗಲ್ಲ." ಗಂಡನನ್ನೊಮ್ಮೆ, ಅಧ್ಯಕ್ಷರನ್ನೊಮ್ಮೆ ನೋಡಿದರು. "ಮತ್ತೆ, ದಯವಿಟ್ಟು, ಭಾಷಣ ಇರೋ ಕಡೆ ಕಾಲ ಮೇಲೆ ಕಾಲು ಹಾಕಬೇಡಿ."

ಅಂಥ ಚಪ್ಪಾಳೆಯನ್ನು ಆ ಮೌನದ ಕೋಣೆ ಎಂದೂ ಕೇಳಿರಲಿಲ್ಲ. ಅದರಲ್ಲಿ ಎಲ್ಲರಿಗಿಂತ ಜೋರಾಗಿ ತಟ್ಟಿದವರು ಊದಿದ ಕಣಕಾಲಿನ ಗ್ರಂಥಪಾಲಕರೇ.

ಮರುದಿನ ಫಿಸಿಯೋಥೆರಪಿ ಮೇಡಂ ಹೆಬ್ಬೆರಳು ಸಿದ್ಧಮಾಡಿಕೊಂಡು ನಮೂನೆಯ ಹಾಳೆ ಎಳೆದುಕೊಂಡರು. "ಓಡುವಾಗ ಆಯ್ತಾ?"

"ಇಲ್ಲ."

"ನಡೆಯುವಾಗ?"

"ಇಲ್ಲ."

"ಮತ್ತೆ? ಗಾಯಕ್ಕೆ ಕಾರಣ ಅಂತ ಇಲ್ಲಿ ಬರೀಲೇಬೇಕು, ಸಾರ್."

ಗ್ರಂಥಪಾಲಕರು ಗೋಡೆಯ ಗಡಿಯಾರ ನೋಡಿದರು. ಹೆಂಡತಿಯೇ ಹೇಳಬೇಕಾಯಿತು. "ಕೂತಿದ್ರು, ಮೇಡಂ."

ಮೇಡಂ ಹಾಗೆಯೇ ಬರೆದುಕೊಂಡರು. ಕಣಕಾಲಿಗೆ ಪಟ್ಟಿ ಸುತ್ತಿ, ಗಂಟು ಬಿಗಿದು, ಮೂರು ವಾರ ಓಟವೂ ನಡಿಗೆಯೂ ಬೇಡವೆಂಬ ಚೀಟಿ ಹರಿದು ಕೈಗಿತ್ತರು.

"ಇನ್ನು ಮೂರು ವಾರ ಏನು ಮಾಡ್ಲಿ, ಮೇಡಂ?" ಎಂದು ಗ್ರಂಥಪಾಲಕರು ಸಣ್ಣ ದನಿಯಲ್ಲಿ ಕೇಳಿದರು.

"ಕೂತ್ಕೊಳ್ಳಿ," ಎಂದರು ಮೇಡಂ. "ಆದರೆ, ಹುಷಾರು!"