ಮಿಸ್ ಟ್ರೈನಿಂಗಿಗೆ ಹೋಗಿದ್ದಾರೆ

ನಮ್ಮ ಶಾಲೆಯಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಗುವುದಕ್ಕೆ ಧೈರ್ಯ ಬರುವುದು ಮಾತ್ರ ಮನೆಗೆ ಬಂದ ಮೇಲೆ.

ಲಕ್ಷ್ಮೀಪುರಂನ ಹಳೇ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಆಯಮ್ಮ. ಗುಡಿಸುವುದು, ಬೆಲ್ ಹೊಡೆಯುವುದು, ಕಾಫಿ ತರುವುದು, ಲ್ಯಾಬಿನ ಬೀಗದ ಕೈ ಕಾಯುವುದು ನನ್ನ ಕೆಲಸ. ನನ್ನ ಮಗಳು ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸು. ನಾನೂ ಹತ್ತರವರೆಗೇ ಓದಿದವಳು. ವಿಜ್ಞಾನದಲ್ಲಿ ಫೇಲಾದೆ, ಮತ್ತೆ ಕಟ್ಟೋಣ ಅನ್ನುವಷ್ಟರಲ್ಲಿ ಮದುವೆ ಮಾಡಿಬಿಟ್ಟರು. ನಮ್ಮ ಯಜಮಾನರು ಮಗಳಿಗೆ ಜೂನ್ ತಿಂಗಳಲ್ಲೇ ಹೇಳಿದ್ದಾರೆ: "ಪಾಸಾದ್ರೆ ಕಾಲೇಜು. ಫೇಲಾದ್ರೆ ನನ್ನ ಜೊತೆ ಕಡಕೊಳಕ್ಕೆ ಬಸ್ ಹತ್ತು, ಫ್ಯಾಕ್ಟರೀಲಿ ಪ್ಯಾಕಿಂಗಿಗೆ ಸೇರಿಸ್ತೀನಿ." ಮಿಕ್ಕ ಐದು ವಿಷಯಗಳ ಬಗ್ಗೆ ಅವಳಿಗೆ ಭಯವಿಲ್ಲ. ವಿಜ್ಞಾನ ಮಾತ್ರ ನಮ್ಮ ವಂಶದ ಕಾಯಿಲೆ. ಅದಕ್ಕೆ ಇರುವ ಔಷಧಿ ಒಬ್ಬರೇ, ಅವಳ ಸೈನ್ಸ್ ಮಿಸ್ಸು. ಆ ಔಷಧಿ ಯಾವಾಗ ನೋಡಿದರೂ ಅಂಗಡಿಯಲ್ಲಿ ಇರುವುದಿಲ್ಲ.

ಅಲ್ಲಾಡಬೇಡಿ

ಮಿಸ್ ಒಳ್ಳೆಯವರು, ಹೇಳಿದ ಮಾತು ಕೇಳುವವರು. ಅದೇ ಅವರ ತಪ್ಪು. ವಿಜ್ಞಾನ ಶಿಕ್ಷಕರಿಗೆ ತರಬೇತಿ ಅಂತ ಆಫೀಸಿನಿಂದ ಕಾಗದ ಬಂದರೆ ಮಿಕ್ಕ ಶಾಲೆಯವರಿಗೆ ಬಿಪಿ, ಮೊಣಕಾಲು ನೋವು, ನಾದಿನಿ ಮದುವೆ ಎಲ್ಲಾ ಒಟ್ಟಿಗೆ ಬರುತ್ತವೆ. ನಮ್ಮ ಮಿಸ್ ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಮೂರು ಕ್ಲಾಸಿಗೂ ವಿಜ್ಞಾನಕ್ಕೆ ಅವರೊಬ್ಬರೇ. ಅವರಿಲ್ಲದ ದಿನ ಹೆಡ್‌ಮಾಸ್ಟರು ನನ್ನನ್ನು ಕರೆದು, "ನೀನೇ ಹೋಗಿ ಕೂತ್ಕೊಳಮ್ಮ, ಗಲಾಟೆ ಆಗಬಾರದು" ಅನ್ನುತ್ತಾರೆ.

ಈ ವರ್ಷದ ಮೊದಲನೇ ಟ್ರೈನಿಂಗು ಮೂರು ದಿನ. ಮೂರು ದಿನವೂ ನಾನು ಕೈಯಲ್ಲಿ ಸ್ಕೇಲು ಹಿಡಿದು ಕೂತೆ. ನಾಲ್ಕನೇ ದಿನ ಮಿಸ್ ಹೊಸ ಹುರುಪಿನಲ್ಲಿ ಕ್ಲಾಸಿಗೆ ಬಂದರೆ, ನಲವತ್ತು ಹುಡುಗಿಯರು ಬಾಯಿಗೆ ಬೆರಳಿಟ್ಟು ಕೂತಿದ್ದಾರೆ.

"ಯಾಕ್ರಮ್ಮ ಹೀಗೆ ಕೂತಿದ್ದೀರಿ?"

"ನೀವು ಬರೋವರ್ಗೂ ಅಲ್ಲಾಡಿದ್ರೆ ಕೈ ಮುರೀತೀನಿ ಅಂದಿದ್ರು ಆಯಮ್ಮ."

ಮಿಸ್ ನನ್ನ ಕಡೆ ತಿರುಗಿ ತಮ್ಮ ಫೈಲು ತೋರಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಚಟುವಟಿಕೆಯಿಂದ ಕೂಡಿದ ತರಗತಿ'.

ಒಂದೇ ಶ್ವಾಸಕೋಶ

ಎರಡನೇ ಸಲ ಹೋಗಿ ಬಂದಾಗ, ಮನೆಯಲ್ಲಿ ಬಿಸಾಡುವ ಸಾಮಾನಿನಿಂದಲೇ ವಿಜ್ಞಾನ ಕಲಿಸಬೇಕು ಅಂತ ಕಲಿತು ಬಂದಿದ್ದರು. ಒಂದು ನೀರಿನ ಬಾಟಲಿಯ ತಳ ಕತ್ತರಿಸಿ, ಒಳಗೆ ಎರಡು ಬಲೂನು ಕಟ್ಟಿ, ತಳಕ್ಕೆ ರಬ್ಬರು ಬಿಗಿದರು. ರಬ್ಬರು ಎಳೆದರೆ ಒಳಗಿನ ಬಲೂನುಗಳು ಉಬ್ಬಬೇಕು. ನಾವು ಉಸಿರು ತೆಗೆದುಕೊಳ್ಳುವುದೂ ಹಾಗೇ ಅಂತೆ. ನಾನು ಪೊರಕೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡಿದೆ. ನನಗೂ ಅವತ್ತೇ ಗೊತ್ತಾಗಿದ್ದು.

ಮಿಸ್ ಎಳೆದರು. ಒಂದು ಉಬ್ಬಿತು. ಇನ್ನೊಂದರ ಬಾಯಿ ಮಡಚಿ ಮುಚ್ಚಿಹೋಗಿತ್ತು, ಜೋತುಬಿದ್ದುಕೊಂಡೇ ಇತ್ತು.

"ಮಿಸ್, ಪಾಪ, ಇವರಿಗೆ ಒಂದೇನಾ?" ಅಂದಳು ಮುಂದಿನ ಬೆಂಚಿನವಳು.

ಮಿಸ್ ಉತ್ತರ ಹೇಳಲು ಬಾಯಿ ತೆಗೆದರು. ಕೆಮ್ಮು ಬಂತು. ಅವರಿಗೆ ವರ್ಷಗಳಿಂದ ಆ ಕೆಮ್ಮು ಇದೆ, ಡಾಕ್ಟರು ಸೀಮೆಸುಣ್ಣದ ಧೂಳಿನಿಂದ ದೂರ ಇರಿ ಅಂದಿದ್ದಾರೆ. ಗೋಡೆ ಹಿಡಿದುಕೊಂಡು ಕೆಮ್ಮಿದರು, ನಾನು ಓಡಿಹೋಗಿ ನೀರು ಕೊಟ್ಟೆ. ಸುಧಾರಿಸಿಕೊಂಡು ಬಾಟಲಿಯನ್ನು ಮೇಲೆತ್ತಿ ಹೇಳಿದರು:

"ಹೂಂ ಕಣಮ್ಮ, ಒಂದೇ. ಇವರು ಇಪ್ಪತ್ತು ವರ್ಷ ಟೀಚರಾಗಿದ್ದೋರು."

ಉತ್ತರ ಹೇಳಕೂಡದು

ಮೂರನೇ ಟ್ರೈನಿಂಗಿನಿಂದ ನನ್ನ ಮನೆಯೇ ಹಾಳಾಯಿತು. ಮಕ್ಕಳು ಏನು ಕೇಳಿದರೂ ನೇರವಾಗಿ ಉತ್ತರ ಕೊಡಕೂಡದು, "ನಿಮಗೇನನ್ನಿಸುತ್ತೆ?" ಅಂತ ತಿರುಗಿ ಕೇಳಬೇಕು, ಅವರೇ ಯೋಚಿಸಿ ಕಂಡುಹಿಡಿಯಬೇಕು ಅಂತ ಹೇಳಿಕೊಟ್ಟಿದ್ದರಂತೆ.

"ಮಿಸ್, ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತೆ?"

"ನಿಮಗೇನನ್ನಿಸುತ್ತೆ?"

ಒಂದು ವಾರ ಹುಡುಗಿಯರು ಅತ್ತರು. ಎರಡನೇ ವಾರ ಮಿಸ್ ಕೊಟ್ಟ ಮೊಳೆಗಳನ್ನು ಒಂದು ಲೋಟ ನೀರಿಗೆ, ಒಂದು ಲೋಟ ಎಣ್ಣೆಗೆ ಹಾಕಿ ಕಾದು ನೋಡಿದರು. ಮೂರನೇ ವಾರಕ್ಕೆ ತಾವೇ ಉತ್ತರ ಹೇಳುವುದಕ್ಕೆ ಶುರು ಮಾಡಿದರು. ನನ್ನ ಮಗಳು ಮೊದಲ ಸಲ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಪಾಸಾದಳು. ಪೇಪರು ತಂದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು. ಅವರು ಅಂಕ ನೋಡಿ ಊಟ ಮುಂದುವರಿಸಿದರು. ಆ ದಿನ ಕಡಕೊಳದ ಮಾತು ಎತ್ತಲಿಲ್ಲ.

ಆದರೆ ಅಭ್ಯಾಸ ನೋಡಿ, ಕ್ಲಾಸಿನಲ್ಲೇ ನಿಲ್ಲಲಿಲ್ಲ. ಮಾರನೇ ದಿನ ನಾನು ಒಲೆ ಮುಂದೆ ಬೆವರು ಸುರಿಸುತ್ತಾ ಕೂಗಿದೆ: "ಅಕ್ಕಿ ತೊಳೆದಿಟ್ಯೇನೇ?"

ಒಳಗಿಂದ ಉತ್ತರ ಬಂತು: "ನಿಂಗೇನನ್ಸುತ್ತಮ್ಮ?"

ವರ್ಷಕ್ಕೊಂದು ದರ್ಶನ

ನಮ್ಮ ಲ್ಯಾಬಿನಲ್ಲಿ ಒಂದು ಮೈಕ್ರೋಸ್ಕೋಪಿದೆ. ಮರದ ಪೆಟ್ಟಿಗೆಯೊಳಗಿದೆ. ಪೆಟ್ಟಿಗೆ ಬೀರುವಿನೊಳಗಿದೆ. ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ಆದರೂ ತೆಗೆಯುವ ಹಾಗಿಲ್ಲ. ಸ್ಟಾಕ್ ರಿಜಿಸ್ಟರಿಗೆ ಏರಿದ ಸಾಮಾನು ಒಡೆದರೆ ಹೆಡ್‌ಮಾಸ್ಟರು ಉತ್ತರ ಕೊಡಬೇಕು, ಅವರು ಈ ವರ್ಷ ರಿಟೈರಾಗುತ್ತಾರೆ. "ಒಂದು ಗಾಜು ಹೋದ್ರೂ ನನ್ನ ಪೆನ್ಷನ್ ಕಾಗದ ನಿಂತುಹೋಗುತ್ತೆ ಕಣಮ್ಮ" ಅನ್ನುತ್ತಾರೆ. ಹೀಗಾಗಿ ಅದು ಹೊರಗೆ ಬರುವುದು ಆಯುಧಪೂಜೆಗೆ ಮಾತ್ರ.

ಈ ಸಲವೂ ಬಂತು. ನಾನು ಬಾಳೆಕಂದು ಕಟ್ಟಿದೆ. ಹೆಡ್‌ಮಾಸ್ಟರು ಮನೆಯಿಂದಲೇ ಹಣೆ ತುಂಬ ವಿಭೂತಿ ಧರಿಸಿ ಬಂದಿದ್ದರು. ಮೈಕ್ರೋಸ್ಕೋಪಿಗೂ ಮೂರು ಪಟ್ಟೆ ಎಳೆದರು. ಕುಂಕುಮ ಇಡಬೇಕು, ಅದಕ್ಕೆ ಹಣೆ ಯಾವುದು ಅಂತ ಗೊತ್ತಾಗಲಿಲ್ಲ. ಎಲ್ಲಕ್ಕಿಂತ ಮೇಲಿರುವುದೇ ಹಣೆ ಅಂತ, ಕಣ್ಣಿಟ್ಟು ನೋಡುವ ಗಾಜಿಗೇ ಇಟ್ಟರು. ನಾನು ಒರೆಸಲು ಹೋದರೆ, "ಪೂಜೆ ಕುಂಕುಮ, ಒರೆಸಬಾರದು" ಅಂದು ಪೆಟ್ಟಿಗೆ ಮುಚ್ಚಿಸಿದರು.

"ಸಾರ್, ಒಂದೇ ಒಂದ್ಸಲ ನೋಡ್ಲಾ? ಒಳಗೆ ಏನ್ ಕಾಣುತ್ತೆ?" ಅಂತ ನನ್ನ ಮಗಳು ಕೇಳಿದಳು.

"ಮಂಗಳಾರತಿ ತಗೊಂಡ ಮೇಲೆ ದೇವರೊಳಗೆ ಏನಿದೆ ಅಂತ ಕೇಳ್ತಾರೇನಮ್ಮ?"

ಸಾಹೇಬರು ಬಂದರು

ದಸರಾ ಮುಗಿದು ತಿಂಗಳಾಗಿತ್ತು. ಟ್ರೈನಿಂಗಿನಲ್ಲಿ ಕಲಿತದ್ದು ಕ್ಲಾಸಿಗೆ ತಲುಪಿದೆಯೋ ಇಲ್ಲವೋ ನೋಡಲು ಒಬ್ಬ ಸಾಹೇಬರು ಬರುತ್ತಾರೆ ಅಂತ ಕಾಗದ ಬಂತು. ಉಪಕರಣ ಬಳಸಿಯೇ ಪಾಠ ಮಾಡಬೇಕಂತೆ. ಹೆಡ್‌ಮಾಸ್ಟರು ನನ್ನ ಹತ್ತಿರ ಸಹಿ ಹಾಕಿಸಿಕೊಂಡು ಮೈಕ್ರೋಸ್ಕೋಪು ಹೊರಗೆ ಬಿಟ್ಟರು. ಬಾಣಂತಿ ಮನೆಯ ಕೂಸಿನ ಹಾಗೆ ಎತ್ತಿಕೊಂಡು ಹೋದೆ. ಮಿಸ್ ಈರುಳ್ಳಿ ಪೊರೆ ಬಿಡಿಸಿ ಗಾಜಿನ ಮೇಲಿಟ್ಟರು. ಹುಡುಗಿಯರು ಒಬ್ಬೊಬ್ಬರಾಗಿ ನೋಡಿ ಮುಗಿಸುವಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು.

ಅವರು ಬಗ್ಗಿ ಕಣ್ಣಿಟ್ಟರು. "ಆಹಾ! ರಕ್ತಕಣಗಳು ಎಷ್ಟು ಚೆನ್ನಾಗಿ ಕಾಣ್ತಿವೆ!"

ಮಿಸ್ ಮುಖ ಬೆಳ್ಳಗಾಯಿತು. ಹೆಡ್‌ಮಾಸ್ಟರು "ಹೌದು ಸರ್, ಹೌದು ಸರ್" ಅಂದರು. ನನ್ನ ಮಗಳು ಎದ್ದು ನಿಂತಳು. ನನ್ನ ನಾಲಿಗೆ ಅವಳಿಗೂ ಬಂದಿದೆ.

"ಸರ್, ಅದು ರಕ್ತ ಅಲ್ಲ, ಈರುಳ್ಳಿ."

"ಮತ್ತೆ ಈ ಕೆಂಪು?"

"ನಿಮಗೇನನ್ನಿಸುತ್ತೆ ಸರ್?"

ಹೆಡ್‌ಮಾಸ್ಟರು ಹುಡುಗಿಯರ ಬೆಂಚಿನಲ್ಲೇ ಕುಸಿದು ಕೂತರು. ಮಗಳು ಮುಂದೆ ಬಂದು, ಸಾಹೇಬರು ನೋಡುತ್ತಿರುವಾಗಲೇ ಕಣ್ಣಿಡುವ ಮೇಲಿನ ಗಾಜನ್ನು ಮೆಲ್ಲಗೆ ತಿರುಗಿಸಿದಳು. "ಕೆಂಪು ಚುಕ್ಕೆ ತಿರುಗ್ತಾ ಸರ್? ಈರುಳ್ಳಿ ತಿರುಗ್ಲಿಲ್ಲ ಅಲ್ವಾ? ಹಾಗಾದ್ರೆ ಅದು ಕೆಳಗಿಲ್ಲ, ಮೇಲಿನ ಗಾಜಿನಲ್ಲೇ ಇದೆ. ಆಯುಧಪೂಜೆ ಕುಂಕುಮ."

ಸಾಹೇಬರು ಬಿದ್ದು ಬಿದ್ದು ನಕ್ಕರು. ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದರು. "ಯಾರೂ ಹೇಳ್ಕೊಡ್ಲಿಲ್ಲ ಸರ್. ನೀವು ಬರೋಕೆ ಮುಂಚೆ ಈ ಕೆಂಪು ಏನು ಅಂತ ಮಿಸ್ ಪ್ರಶ್ನೆ ಕೇಳಿದ್ರು, ನಾವೇ ಕಂಡುಹಿಡಿದ್ವಿ." ಇಷ್ಟು ವರ್ಷದಲ್ಲಿ ಇಂಥ ಕ್ಲಾಸು ನೋಡಿಲ್ಲ ಅಂದರು. ನಾನು ಖುಷಿಗೆ ಅವರಿಗೆ ಎರಡನೇ ಲೋಟ ಕಾಫಿ ಕೊಟ್ಟೆ. ಆ ಕೈಗೆ ಬೆಂಕಿ ಬೀಳಲಿ.

ಮುಂದಿನ ವಾರ ಆರ್ಡರು ಬಂತು. ಇಷ್ಟು ಚೆನ್ನಾಗಿ ಕಲಿಸುವವರು ಒಂದೇ ಶಾಲೆಯಲ್ಲಿ ಇರಬಾರದಂತೆ. ಮಾರ್ಚಿ ಮುಗಿಯುವವರೆಗೆ ಮಿಸ್ ಕ್ಲಾಸಿಗೆ ಬರುವ ಹಾಗಿಲ್ಲ. ಮಿಕ್ಕ ಟೀಚರುಗಳಿಗೆ, ಕ್ಲಾಸು ತೆಗೆದುಕೊಳ್ಳುವುದು ಹೇಗೆ ಅಂತ ಟ್ರೈನಿಂಗು ಕೊಡಬೇಕು.

ಮಿಸ್ ಅಳುತ್ತಾ ಹೋದರು. ಬದಲಿ ಟೀಚರನ್ನು ಕಳಿಸಿ ಅಂತ ಹೆಡ್‌ಮಾಸ್ಟರು ಆಫೀಸಿಗೆ ಬರೆದಿದ್ದಾರೆ, ಉತ್ತರ ಬಂದಿಲ್ಲ. "ಅಲ್ಲೀವರೆಗೆ ನೀನೇ ಕೂತ್ಕೊಳಮ್ಮ" ಅಂದರು.

ಈಗ ಜನವರಿ. ನಾನು ದಿನಾ ಹತ್ತನೇ ಕ್ಲಾಸಿನಲ್ಲಿ ಕೂರುತ್ತೇನೆ. ನಿನ್ನೆ ಮಗಳು ಪುಸ್ತಕ ತೆರೆದು ಎದ್ದು ನಿಂತಳು. ಬೆಳಕಿನ ಪಾಠ. ನಾನು ಫೇಲಾದದ್ದೂ ಅಲ್ಲೇ.

"ಅಮ್ಮ, ಚಮಚದ ಒಳಗಡೆ ಮುಖ ತಲೆಕೆಳಗಾಗಿ ಕಾಣುತ್ತೆ, ಹಿಂದುಗಡೆ ನೆಟ್ಟಗೆ ಕಾಣುತ್ತೆ. ಯಾಕೆ?"

ಹದಿನಾರು ವರ್ಷದಿಂದ ದಿನಾ ಚಮಚ ತೊಳೆಯುತ್ತಿದ್ದೇನೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಅವಳಿಗೂ ಗೊತ್ತು. ಆದರೂ ಕೇಳಿದಳು, ಕೇಳುವುದಕ್ಕೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ನಲವತ್ತು ಜೊತೆ ಕಣ್ಣು ನನ್ನ ಮೇಲಿದ್ದವು. ಸ್ಕೇಲು ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡೆ.

"ನಿಮಗೇನನ್ನಿಸುತ್ತೆ?" ಅಂದೆ.

ಹಿಂದಿನ ಬೆಂಚಿನವಳು ಪಕ್ಕದವಳಿಗೆ ಹೇಳಿದ್ದು ಇಡೀ ಕ್ಲಾಸಿಗೆ ಕೇಳಿಸಿತು:

"ಮುಗೀತು ಕಣೇ! ಆಯಮ್ಮನೂ ಟ್ರೈನಿಂಗಿಗೆ ಹೋಗ್ಬಂದ್ಬುಟ್ರು!"