ಏನೂ ಆಗದ ಮನುಷ್ಯ

ನೀಲಿ ಪೆಟ್ಟಿಗೆಯ ಒಳಮೈಯನ್ನು ಅವನು ಒಣಬಟ್ಟೆಯಿಂದ ಒರೆಸಿದ. ಮೂಲೆಮೂಲೆಗೂ ಬೆರಳು ಹಾಕಿ ಒರೆಸಿ, ಮಂಜುಗಟ್ಟಿದ ಪ್ಯಾಕುಗಳನ್ನು ನಾಲ್ಕು ಗೋಡೆಗೆ ಒರಗಿಸಿ, ನಡುವೆ ಲಸಿಕೆಯ ಸೀಸೆಯನ್ನು ತೊಟ್ಟಿಲಲ್ಲಿ ಕೂಸು ಮಲಗಿಸಿದ ಹಾಗೆ ಇಟ್ಟು ಮುಚ್ಚಳ ಹಾಕಿದ. ಸಿಸ್ಟರ್ ಮೇಜಿನ ಆಚೆ ಕೂತು ನೋಡುತ್ತಿದ್ದರು. ಆಡಬೇಕಾದ ಮಾತೆಲ್ಲ ಮೇಜಿನ ಮೇಲಿದ್ದ ಕಾಗದದಲ್ಲೇ ಇತ್ತು.

ಆರೋಗ್ಯ ಇಲಾಖೆಯ ಕಾಗದ ಅದು. ಕಳೆದ ಮೂರು ಶಿಬಿರಗಳಲ್ಲಿ ಈ ಕೇಂದ್ರದಲ್ಲಿ ಒಂದು ಸೀಸೆಯೂ ಖಾಲಿಯಾಗಿಲ್ಲ. ಇವತ್ತೂ ಹಾಗೇ ಆದರೆ ಕೇಂದ್ರಕ್ಕೆ ಬೀಗ. ಸಿಸ್ಟರಿಗೆ ಬೇರೆ ಕೇಂದ್ರ ಸಿಕ್ಕೀತು. ಆದರೆ ಕೇಂದ್ರದ ಹಿಂದಿನ ಒಂದು ಕೋಣೆಯ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದವನು ಪೆಟ್ಟಿಗೆ ಒರೆಸುತ್ತಿದ್ದ ಈ ಅಟೆಂಡರ್. ಬೀಗ ಬಿದ್ದರೆ ಇಬ್ಬರೂ ಪಾತ್ರೆಪಡಗದ ಸಮೇತ ಬೀದಿಯಲ್ಲಿ.

ತೊಡಕು ಇಷ್ಟೇ. ಒಂದು ಸೀಸೆಯಲ್ಲಿ ಹತ್ತು ಜನಕ್ಕಾಗುವಷ್ಟು ಮದ್ದು. ತೆರೆದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಆದ್ದರಿಂದ ಹತ್ತು ಜನ ಸೇರದೆ ಸಿಸ್ಟರ್ ಸೀಸೆ ತೆರೆಯುತ್ತಿರಲಿಲ್ಲ. ಬೀದಿಯವರೋ, ಯಾರಾದರೂ ಒಬ್ಬ ಚುಚ್ಚಿಸಿಕೊಂಡು ಓಡಾಡುವುದನ್ನು ಕಣ್ಣಾರೆ ನೋಡದೆ ಒಳಗೆ ಕಾಲಿಡುತ್ತಿರಲಿಲ್ಲ. ಹೀಗೆ ಸೀಸೆ ಜನರಿಗಾಗಿ, ಜನ ಸೀಸೆಗಾಗಿ ಕಾಯುತ್ತ ಮೂರು ಶಿಬಿರ ಮುಗಿದಿದ್ದವು.

ಜನರನ್ನು ದೂರುವಂತೆಯೂ ಇರಲಿಲ್ಲ. ಎರಡು ವರ್ಷದ ಹಿಂದೆ ಇದೇ ಇಲಾಖೆ ‘ನಲ್ಲಿ ನೀರು ಶುದ್ಧ, ಏನೂ ಆಗುವುದಿಲ್ಲ’ ಎಂದು ಬೋರ್ಡು ಹಾಕಿತ್ತು. ಅದನ್ನು ನಂಬಿ ಕುಡಿದ ಇಡೀ ಬೀದಿ ಮೂರು ದಿನ ಚೊಂಬು ಹಿಡಿದು ಓಡಾಡಿತ್ತು.

‘ಇವತ್ತು ಒಂದು ಕೆಲಸ ಮಾಡೋಣ,’ ಕೊನೆಗೆ ಸಿಸ್ಟರೇ ಬಾಯಿಬಿಟ್ಟರು. ‘ಎಲ್ಲರ ಎದುರಿಗೆ ನೀನೇ ಮೊದಲು ತಗೋ.’

‘ನಾನು ಪೆಟ್ಟಿಗೆ ಹೊರೋನು ಸಿಸ್ಟರ್.’

‘ಪೆಟ್ಟಿಗೆ ಹೊರೋ ಕೈಗೂ ತೋಳು ಅಂತ ಒಂದು ಇರತ್ತಲ್ಲ, ಅಲ್ಲಿಗೇ ಕೊಡೋದು.’

ಸೂಜಿ ಕಂಡರೆ ಅವನು ಏನಾದರೊಂದು ಕೆಲಸದ ನೆಪ ಹೇಳಿ ಹೊರಗೆ ಜಾರಿಕೊಳ್ಳುವವನು. ಆದರೆ ಮನೆ ನೆನಪಾಯಿತು. ಹತ್ತು ಗಂಟೆಗೆ ಸಿಸ್ಟರ್ ಬಾಗಿಲಲ್ಲೇ ಕುರ್ಚಿ ಹಾಕಿ, ಬೀದಿಯವರ ಕಣ್ಣೆದುರಿಗೆ ಸೀಸೆ ತೆರೆದು ಅವನ ಎಡತೋಳಿಗೆ ಚುಚ್ಚಿದರು. ‘ಸಂಜೆವರೆಗೆ ತೋಳು ಸ್ವಲ್ಪ ನೋಯತ್ತೆ, ಮೈ ಬಿಸಿಯಾದರೂ ಹೆದರಬೇಡ’ ಎಂದು ಮೆಲ್ಲಗೆ ಹೇಳಿದರು. ಅವನು ಕಣ್ಣುಮುಚ್ಚಿ, ಹಲ್ಲು ಕಚ್ಚಿ, ನಗಲು ನೋಡಿದ. ಕತ್ತರಿಯ ಕೆಳಗೆ ತಲೆ ಕೊಟ್ಟ ಗಿರಾಕಿಗಳೂ ನಗದಷ್ಟು ಕೆಟ್ಟ ನಗು ಅದು ಎಂದು ಎದುರಂಗಡಿಯ ಕ್ಷೌರಿಕ ಆಮೇಲೆ ಹೇಳಿದ.

‘ಸರಿ,’ ಎಂದ ಕ್ಷೌರಿಕ, ಬೀದಿಯ ಪರವಾಗಿ. ‘ನಾಲ್ಕಕ್ಕೆ ಹತ್ತು ನಿಮಿಷ ಇರೋವರೆಗೆ ಇವನನ್ನ ನೋಡೋಣ. ಆಮೇಲೆ ನಾವು ಒಂಬತ್ತು ಜನ ಬರ್ತೀವಿ.’

ನಾಲ್ಕಕ್ಕೆ ಸೀಸೆಯ ಆಯುಷ್ಯ ಮುಗಿಯುತ್ತಿತ್ತು. ಇನ್ನು ಆರು ಗಂಟೆ ತನ್ನ ಮೈಯಲ್ಲಿ ಏನೂ ಆಗಬಾರದು ಎಂದು ಅಟೆಂಡರ್ ನಿಶ್ಚಯ ಮಾಡಿದ.

ಬೀದಿ ಅವನನ್ನು ಹಾಲು ಉಕ್ಕೀತೆಂದು ಪಾತ್ರೆ ಕಾಯುವ ಹಾಗೆ ಕಾಯತೊಡಗಿತು. ಹತ್ತೂವರೆಗೆ ಕ್ಷೌರಿಕನ ಅಂಗಡಿಯ ಪೌಡರು ಮೂಗಿಗೆ ಹೊಕ್ಕು ಅವನು ಸೀನಿದ. ಮೂರು ಕಿಟಕಿ ಒಟ್ಟಿಗೆ ತೆರೆದವು.

‘ಶುರುವಾಯ್ತು,’ ಎಂದಳು ಟೈಲರಮ್ಮ, ಹೊಲಿಗೆ ನಿಲ್ಲಿಸಿ.

‘ಪೌಡರು ಅಕ್ಕಾ. ನಿನ್ನೇನೂ ಸೀನಿದ್ದೆ.’

‘ನಿನ್ನೆ ಯಾರು ನೋಡಿದ್ರು?’

ಮಧ್ಯಾಹ್ನದ ಹೊತ್ತಿಗೆ ತೋಳು ನೋಯತೊಡಗಿತು. ಒಳಗೆ ಯಾರೋ ಮೊಳೆ ಹೊಡೆದು ಅಂಗಿ ನೇತುಹಾಕಿದ ಹಾಗೆ. ಟೈಲರಮ್ಮ ಆಗಲೇ ಕರೆಯಬೇಕೆ?

‘ಈ ಮಿಷನ್ನು ಸ್ವಲ್ಪ ಕಿಟಕಿ ಹತ್ತಿರ ಎತ್ತಿಡಪ್ಪ. ಎಡಗೈ ಕೊಟ್ಟು ಎತ್ತು, ನೋಡೋಣ.’

ಅವಳಿಗೆ ಬೇಕಾದದ್ದು ಬೆಳಕಲ್ಲ ಎಂದು ಅವನಿಗೆ ಗೊತ್ತಿತ್ತು. ಎತ್ತಿದ. ಕಣ್ಣಲ್ಲಿ ನೀರು ಬಂತು.

‘ಅಳ್ತಿದೀಯಾ?’

‘ಎಷ್ಟು ಹಳೇ ಮಿಷನ್ನು ಅಕ್ಕಾ. ನಮ್ಮಮ್ಮನ ನೆನಪಾಯ್ತು.’

ಅಮ್ಮನನ್ನು ನೆನೆದು ಅಳುವ ಗಂಡಸು ಟೈಲರಮ್ಮನಿಗೆ ಹಿಡಿಸಿದ. ಅವಳು ಮಿಷನ್ನನ್ನು ಮತ್ತೆ ಮೊದಲಿನ ಜಾಗಕ್ಕೆ ಇಡಿಸಿಕೊಂಡಳು.

ಒಂದು ಗಂಟೆಗೆ ಮೈ ಬಿಸಿಯಾಯಿತು. ಹಿಂದಿನ ಕೋಣೆಗೆ ನುಸುಳಿದವನ ಹಣೆ ಮುಟ್ಟಿದ ಹೆಂಡತಿ ಕೈ ಹಿಂದಕ್ಕೆಳೆದಳು.

‘ಸುಡ್ತಾ ಇದೆಯಲ್ರೀ. ಮಲಗಿ.’

‘ಮಲಗಿದ್ರೆ ನಾಳೆಯಿಂದ ಎಲ್ಲಿ ಮಲಗ್ತೀಯ? ಯಾರಾದ್ರೂ ಕೇಳಿದ್ರೆ ಕಲ್ಲಿನ ಹಾಗಿದಾರೆ ಅನ್ನು.’

ಅವನು ಪೆಟ್ಟಿಗೆಗೆ ಬದಲಿಯೆಂದು ಇಟ್ಟಿದ್ದ ಮಂಜಿನ ಪ್ಯಾಕೊಂದನ್ನು ಹಣೆಗೂ ತಾಗುವ ಹಾಗೆ ತಲೆಯ ಮೇಲಿಟ್ಟು, ಮೇಲೆ ಸಮವಸ್ತ್ರದ ಟೋಪಿ ಒತ್ತಿದ. ಒಂದು ಗಳಿಗೆ ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿದ. ಮುಂದಿನ ಕೋಣೆಯಲ್ಲಿ ಸಿಸ್ಟರ್ ಜನರಿಗೆ ಏನನ್ನೋ ಹಂಚುತ್ತ ಮಾತಾಡುತ್ತಿದ್ದ ಸದ್ದು ಕೇಳಿಸಿತು. ಏನೆಂದು ಕೇಳುವ ತ್ರಾಣ ಅವನಿಗಿರಲಿಲ್ಲ.

ಹೊರಗೆ ಬಂದಾಗ ಪ್ರೂಫ್ ತಾತ ಎದುರಾದರು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿ, ಅಚ್ಚಾದದ್ದರಲ್ಲೆಲ್ಲ ತಪ್ಪು ಇದ್ದೇ ಇರುತ್ತದೆಂದು ನಂಬಿದ್ದ ಮನುಷ್ಯ.

‘ಕಿವಿ ಹಿಂದೆ ನೀರು ಇಳೀತಾ ಇದೆ,’ ಎಂದರು ತಾತ.

‘ಸ್ನಾನ ಮಾಡ್ದೆ.’

‘ಟೋಪಿ ಹಾಕ್ಕೊಂಡು?’

‘ಅವಸರದಲ್ಲಿ ತಾತ.’

ತಾತ ಕನ್ನಡಕ ಏರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ಓದಿದರು. ಇನ್ನು ನಿಂತರೆ ಸಿಕ್ಕಿಬೀಳುವುದು ಖಂಡಿತ ಎನ್ನಿಸಿ ಅಟೆಂಡರ್ ಕ್ಷೌರಿಕನ ನೀರಿನ ಕ್ಯಾನನ್ನು ಎಡಗೈಯಲ್ಲೇ ಎತ್ತಿ ಅಂಗಡಿಯೊಳಗೆ ಒಯ್ದ. ಒಯ್ದವನು ಹೊರಗೂ ತಂದ. ಮತ್ತೆ ಒಳಗೆ ಒಯ್ದ. ಜನ ಸೇರಿದಷ್ಟೂ ಅವನಿಗೆ ಉಮೇದು ಏರಿತು. ಸಿಳ್ಳೆ ಹಾಕಿದ, ಎಡಗೈ ಚಾಚಿ ಗೋಡೆಯ ಗಡಿಯಾರಕ್ಕೆ ಕೀ ಕೊಟ್ಟ. ತೋಳು ಒಳಗೊಳಗೇ ಹರಿದುಹೋಗುತ್ತಿತ್ತು. ಮುಖದಲ್ಲಿ ಮದುವೆಯ ಫೋಟೋದ ನಗು.

‘ನಿನ್ನ ಗಂಡನಿಗೆ ಸ್ವಲ್ಪಾನೂ ಏನೂ ಆಗಿಲ್ವೇನೇ?’ ಟೈಲರಮ್ಮ ಅವನ ಹೆಂಡತಿಯನ್ನು ಕೇಳಿದಳು.

‘ಕಲ್ಲಿನ ಹಾಗಿದಾರೆ.’

‘ಜ್ವರ?’

‘ಆಣೆಗೂ ಇಲ್ಲ.’

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕ್ಷೌರಿಕ, ಟೈಲರಮ್ಮ, ತಾತ ಎಲ್ಲ ಸೇರಿ ಒಂಬತ್ತು ಜನ ಕೇಂದ್ರದ ಬಾಗಿಲಿಗೆ ಬಂದರು. ಅಟೆಂಡರನಿಗೆ ಎದೆ ತುಂಬಿಬಂತು. ಒಂಬತ್ತು ಕುರ್ಚಿ ಹಾಕಿದ. ಯಾರೂ ಕೂರಲಿಲ್ಲ.

‘ಸಿಸ್ಟರ್, ನೀವು ಮಧ್ಯಾಹ್ನ ಕೊಟ್ಟ ಕಾಗದ,’ ತಾತ ಜೇಬಿನಿಂದ ಚೀಟಿ ತೆಗೆದು ಓದಿದರು. ‘ಚುಚ್ಚಿದ ತೋಳು ಒಂದು ದಿನ ನೋಯುವುದು, ಮೈ ಸ್ವಲ್ಪ ಬಿಸಿಯಾಗುವುದು ಸಹಜ. ಲಸಿಕೆ ಕೆಲಸ ಮಾಡುತ್ತಿರುವುದರ ಗುರುತು.’ ಚೀಟಿ ಮಡಚಿದರು. ‘ಇಷ್ಟು ವರ್ಷದಲ್ಲಿ ಇಲಾಖೆ ಮುಚ್ಚುಮರೆ ಇಲ್ಲದೆ ಹೇಳಿದ್ದು ಇದೇ ಮೊದಲು. ಇದನ್ನ ನಂಬೋಣ ಅಂತ ಎಲ್ಲರೂ ಒಪ್ಪಿದ್ವಿ.’

‘ಮತ್ತಿನ್ನೇನು, ಕೂತ್ಕೊಳ್ಳಿ,’ ಎಂದರು ಸಿಸ್ಟರ್.

‘ನಂಬಿದ್ದಕ್ಕೇ ಕೂರ್ತಿಲ್ಲ. ಇವನಿಗೆ ನೋವಿಲ್ಲ, ಬಿಸಿಯಿಲ್ಲ. ಮಧ್ಯಾಹ್ನವೆಲ್ಲ ಕ್ಯಾನು ಹೊತ್ತು ಸರ್ಕಸ್ಸು ಮಾಡಿದಾನೆ. ಅಂದ್ಮೇಲೆ ನೀವು ಇವನಿಗೆ ಚುಚ್ಚಿದ್ದು ಬರೀ ನೀರು. ನಿಜವಾದ್ದನ್ನ ನಿಮ್ಮ ಮನುಷ್ಯನಿಗೇ ಕೊಡೋಕೆ ನೀವು ಹೆದರಿದ್ರೆ, ನಾವು ಹೇಗೆ ತಗೊಳ್ಳೋದು?’

‘ನಿಮ್ಮ ಎದುರಿಗೇ ಕೊಟ್ಟೆನಲ್ಲ.’

‘ಸೂಜಿ ಕಾಣ್ತು,’ ಎಂದ ಕ್ಷೌರಿಕ. ‘ಒಳಗಿದ್ದದ್ದು ಕಾಣಲಿಲ್ಲ.’

ಸಿಸ್ಟರ್ ಅಟೆಂಡರನ ಕಡೆ ತಿರುಗಿದರು. ‘ನಿನಗೆ ನಿಜವಾಗ್ಲೂ ಏನೂ ಆಗ್ಲಿಲ್ವಾ?’

‘ಆಯ್ತು ಸಿಸ್ಟರ್. ಮಧ್ಯಾಹ್ನದಿಂದ ತೋಳು ಕಿತ್ತು ಬರೋ ಹಾಗಿದೆ. ಜ್ವರಾನೂ ಇದೆ.’

ಗುಂಪು ನಕ್ಕಿತು.

‘ಈಗ ಹೇಳಿಕೊಟ್ರು ನೋಡಿ,’ ಎಂದಳು ಟೈಲರಮ್ಮ. ‘ನಿನ್ನ ಹೆಂಡ್ತೀನೇ ಆಣೆ ಅಂದ್ಲಲ್ಲಪ್ಪ.’

ಬಾಗಿಲ ಬಳಿ ನಿಂತಿದ್ದ ಹೆಂಡತಿ ಸೆರಗಿನ ಅಂಚು ತಿರುಚುತ್ತ ನೆಲ ನೋಡಿದಳು. ಈಗ ಏನು ಹೇಳಿದರೂ ಎರಡು ಮಾತಿನಲ್ಲಿ ಒಂದು ಸುಳ್ಳಾಗುತ್ತದೆಂದು ಅವಳಿಗೂ ಹೊಳೆದಿತ್ತು.

‘ಜ್ವರ ತಾನೆ? ಅದಕ್ಕೇನು, ನೋಡೇ ಬಿಡೋಣ.’ ಕ್ಷೌರಿಕ ಅವನ ಟೋಪಿಯ ಅಂಚು ಸರಿಸಿ, ಜ್ವರ ನೋಡುವ ಮನೆಹಿರಿಯನ ಹಾಗೆ ಹಣೆಯ ಮೇಲೆ ಅಂಗೈ ಇಟ್ಟ. ಮೂರು ಗಂಟೆ ಮಂಜಿನ ಕೆಳಗಿದ್ದ ಹಣೆ ಅದು. ಕ್ಷೌರಿಕ ಕೈ ಕೊಡವಿಕೊಂಡ. ‘ತಾತ, ಇವನು ಬದುಕಿರೋದೇ ಅನುಮಾನ. ಅಷ್ಟು ತಣ್ಣಗಿದಾನೆ.’

ಸಿಸ್ಟರ್ ಗಡಿಯಾರ ನೋಡಿದರು. ನಾಲ್ಕು ಹೊಡೆಯಿತು. ಸೀಸೆಯನ್ನು ಬೆಳಕಿಗೆ ಹಿಡಿದು, ಒಂಬತ್ತು ಜನರ ಮದ್ದನ್ನು ಒಂದು ಸಲ ಅಲ್ಲಾಡಿಸಿ, ಕಸದ ಕೆಂಪು ಡಬ್ಬಿಯೊಳಗೆ ಹಾಕಿದರು. ಇಲಾಖೆಗೆ ಬರೆಯಲು ಪೆನ್ನು ಹುಡುಕತೊಡಗಿದರು.

ಜನ ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಅಟೆಂಡರ್ ಅಂಗಿಯ ತೋಳನ್ನು ಭುಜದವರೆಗೆ ಮಡಚಿಕೊಂಡು ಅವರ ಹಿಂದೆ ಬಾಗಿಲವರೆಗೆ ಹೋದ. ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡಿತ್ತು.

‘ಒಬ್ಬರಾದ್ರೂ ಈ ತೋಳು ಮುಟ್ಟಿ ನೋಡಿ,’ ಎಂದ.