ನಾಲ್ಕೂವರೆಗೆ ಎಲ್ಲರನ್ನೂ ಮನೆಗೆ ಕಳಿಸುವ ಹಾಜರಿ ಯಂತ್ರದವರಿಗೆ

ಕಯಾಂಬೆ, ಮಾರ್ಚ್ ತಿಂಗಳ ಮೂರನೆಯ ಭಾನುವಾರ

ಗುಲಾಬಿ ವಿಂಗಡಣೆ ಮನೆಯ ಬಾಗಿಲ ಬಲಗೋಡೆಯ ಮೇಲೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ವಿರಾಜಮಾನರಾಗಿರುವ ಹಾಜರಿ ಟ್ಯಾಬ್ಲೆಟ್‌ರವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಬೆನ್ನಿನಿಂದ ಹೊರಟು ಗೋಡೆಯ ಪ್ಲಗ್ಗನ್ನು ಸೇರುವ ಬಿಳಿಯ ವೈರ್‌ಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಿನ್ನೆ ಸಂಜೆ ನೋಡಿದಾಗ ಶೇಕಡಾ ತೊಂಬತ್ತೆಂಟರಷ್ಟು ಕ್ಷೇಮವಾಗಿದ್ದಿರಿ. ಈ ಪತ್ರ ಬರೆಯುತ್ತಿರುವವಳು ಬಾಲ್ಬಿನಾ ಲಂಚಿಂಬಾ. ಹಾಗೆಂದರೆ ತಮಗೆ ತಿಳಿಯಲಾರದು, ಆದ್ದರಿಂದ ಕ್ರಮಸಂಖ್ಯೆ ಸೊನ್ನೆ ಸೊನ್ನೆ ಸೊನ್ನೆ ಒಂಬತ್ತು ಎಂದು ತಿಳಿಯುವಂಥವರಾಗಬೇಕು. ಪತ್ರದ ಒಂದು ಪ್ರತಿಯನ್ನು ಊಟದ ಕೋಣೆಯ ಗೋಡೆಗೂ ಅಂಟಿಸಿದ್ದೇನೆ. ತಾವು ಓದಲಾಗದಿದ್ದರೆ ಉಳಿದವರಾದರೂ ಓದಲಿ ಎಂದು.

ತಾವು ದಯಮಾಡಿಸುವ ಮೊದಲು ಹತ್ತೊಂಬತ್ತು ವರ್ಷ ಆ ಬಾಗಿಲಲ್ಲಿ ಹಸಿರು ರಟ್ಟಿನ ಹಾಜರಿ ಪುಸ್ತಕ ಹಿಡಿದು ನಿಲ್ಲುತ್ತಿದ್ದವಳು ನಾನು. ಬೆಳಿಗ್ಗೆ ಆರೂವರೆಗೆ ಬಂದವರ ಹೆಸರಿನ ಮುಂದೆ ಒಂದು ಗೀಟು, ಸಂಜೆ ನಾಲ್ಕಕ್ಕೆ ಹೊರಟವರ ಹೆಸರಿನ ಮುಂದೆ ಇನ್ನೊಂದು ಗೀಟು. ನಡುವಿನ ಹೊತ್ತಿನಲ್ಲಿ ಎಲ್ಲರಂತೆ ನಾನೂ ಗುಲಾಬಿಯ ಎಲೆ ಸವರಿ, ಉದ್ದ ನೋಡಿ ವಿಂಗಡಿಸಿ, ಇಪ್ಪತ್ತೈದರ ಕಟ್ಟು ಕಟ್ಟುತ್ತಿದ್ದೆ. ಪುಸ್ತಕದಲ್ಲಿ ದೋಷಗಳಿದ್ದವೆಂದು ಒಪ್ಪಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಹಾಳೆಗಳು ಉಬ್ಬುತ್ತಿದ್ದವು, ನನ್ನ ಏಳು ಮತ್ತು ಒಂದು ಒಂದೇ ತರ ಕಾಣುತ್ತಿದ್ದವು, ಮತ್ತು ಯಾರಾದರೂ ಹತ್ತು ನಿಮಿಷ ತಡವಾಗಿ ಬಂದರೆ ಮಗುವಿಗೆ ಜ್ವರವೇ ಎಂದು ಮೊದಲು ಕೇಳಿ ಆಮೇಲೆ ಗೀಟು ಹಾಕುವ ಕೆಟ್ಟ ಚಾಳಿ ನನಗಿತ್ತು.

ಪ್ರೇಮಿಗಳ ದಿನದ ಗಲಾಟೆಯೆಲ್ಲ ಮುಗಿದು ಲಾರಿಗಳು ಕಡಿಮೆಯಾದ ಮೇಲೆ, ಫೆಬ್ರುವರಿ ಕೊನೆಯ ವಾರದಲ್ಲಿ ನಮ್ಮ ಮೇಲ್ವಿಚಾರಕರಾದ ಇಂಜಿನಿಯರ್ ಮೊಂತಾಲ್ವೋ (ನಮ್ಮಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿದವರೆಲ್ಲರೂ ಇಂಜಿನಿಯರರೇ) ನನ್ನನ್ನು ಕರೆದು, ರಾಜಧಾನಿ ಕೀತೋದ ಕಚೇರಿಯಿಂದ ಟ್ಯಾಬ್ಲೆಟ್ ಬಂದಿದೆ ಎಂದರು. ಗುಳಿಗೆಯೆಂದುಕೊಂಡ ನಾನು, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದೆ. ಆ ಅಜ್ಞಾನವನ್ನು ತಾವು ಕ್ಷಮಿಸಬೇಕು. ಎಲ್ಲರ ಮುಖ ಬಲ್ಲವಳೆಂಬ ಕಾರಣಕ್ಕೆ ತಮ್ಮ ಪ್ರತಿಷ್ಠಾಪನೆಯ ಹೊಣೆಯೂ ನನ್ನ ಮೇಲೆಯೇ ಬಿತ್ತು. ಇಂಜಿನಿಯರ್ ಪಕ್ಕದಲ್ಲಿ ನಿಂತು ಸೂಚನೆಯ ಕಾಗದ ಓದುವುದು, ನಾನು ಎದುರಿಗೆ ನಿಂತು ತಮ್ಮ ಮುಖವನ್ನು ಒತ್ತುವುದು, ಹೀಗೆ ಎರಡು ದಿನ ನಡೆಯಿತು. ತಾವು ಮಲಗಬಾರದು, ತಮ್ಮ ಬೆಳಕು ಆರಬಾರದು, ಹಾಜರಿಯೊಂದನ್ನು ಬಿಟ್ಟು ತಮ್ಮೊಳಗೆ ಇನ್ನಾವುದೂ ತೆರೆಯಬಾರದು, ಯಾರೂ ತಮ್ಮಲ್ಲಿ ಹಾಡು ಕೇಳಬಾರದು, ಫುಟ್‌ಬಾಲ್ ನೋಡಬಾರದು ಎಂದು ಒಂದೊಂದಾಗಿ ಬೀಗ ಹಾಕುತ್ತ ಹೋದೆವು. ಇಷ್ಟು ಕಟ್ಟುನಿಟ್ಟು ಕನ್ಯಾಮಠದಲ್ಲೂ ಇಲ್ಲ.

ಆಮೇಲೆ ಮುಖಗಳ ಸರದಿ. ಟೋಪಿ ತೆಗೆಯಿರಿ ಎಂದಿರಿ. ಈ ಹಿಮದ ಬೆಟ್ಟದ ಬುಡದಲ್ಲಿ ಬೆಳಿಗ್ಗೆ ಆರೂವರೆಗೆ ಟೋಪಿ ತೆಗೆಯುವವರು ಇಬ್ಬರೇ, ಪೂಜೆಗೆ ನಿಂತವರು ಮತ್ತು ಹೆಣವಾದವರು. ಆದರೂ ತಮ್ಮ ಮಾತಿಗೆ ನಲವತ್ತೆರಡು ಮಂದಿ ಟೋಪಿ ತೆಗೆದರು. ಫಾರಿನಾಂಗೋ ಮನೆಯ ಮೂವರು ಅಕ್ಕತಂಗಿಯರನ್ನು ತಾವು ಒಬ್ಬಳೇ ಎಂದು ತೀರ್ಮಾನಿಸಿದಿರಿ. ಅವರ ತಾಯಿಯ ಬಗ್ಗೆ ಏನೇನೋ ಮಾತು ಬಂದು, ಕೊನೆಗೆ ಮುಖದ ಬದಲು ಎಲ್ಲರಿಗೂ ನಾಲ್ಕಂಕಿಯ ಸಂಖ್ಯೆ ಕೊಡಲಾಯಿತು. ಮೊದಲ ದಿನ ತಾವು ನಮ್ಮ ಗಂಟೆಯನ್ನು ಬಿಟ್ಟು ನಮ್ಮ ದೇಶದ್ದೇ ಆದ ದೈತ್ಯ ಆಮೆಗಳ ದ್ವೀಪದ ಗಂಟೆಯನ್ನು ಹಿಡಿದು ಕುಳಿತಿದ್ದಿರಿ. ಅಲ್ಲಿ ನಮಗಿಂತ ಒಂದು ಗಂಟೆ ಹಿಂದೆ. ಹಾಗಾಗಿ ಬೆಳಿಗ್ಗೆ ನಮ್ಮೆಲ್ಲರನ್ನೂ ಬೇಗ ಬಂದಿದ್ದಕ್ಕೆ ಹೊಗಳಿದಿರಿ, ಸಂಜೆ ನಮ್ಮೆಲ್ಲರನ್ನೂ ಬೇಗ ಹೊರಟಿದ್ದಕ್ಕೆ ಗದರಿಸಿದಿರಿ. ಇಷ್ಟು ಸಮತೂಕದ ನ್ಯಾಯವನ್ನು ನಾನು ಯಾವ ಅಧಿಕಾರಿಯಲ್ಲೂ ಕಂಡಿಲ್ಲ.

ಎರಡನೆಯ ದಿನ, ಎಲ್ಲ ಮುಗಿಯುವ ಹೊತ್ತಿಗೆ, ತಾವು ಕೊನೆಯ ಪ್ರಶ್ನೆ ಕೇಳಿದಿರಿ: ಹೊರಡುವಾಗ ಸಂಖ್ಯೆ ಒತ್ತಲು ಮರೆತವರನ್ನು ನಾಲ್ಕೂವರೆಗೆ ತಾನಾಗಿಯೇ ಹೊರಗೆ ಕಳುಹಿಸಲೇ? ಇಂಜಿನಿಯರ್ ಕಾಗದದಿಂದ ತಲೆಯೆತ್ತದೆ ಹೌದು ಒತ್ತಿ ಎಂದರು. ಒತ್ತಿದೆ. ಆ ಬೆರಳು ನನ್ನದು. ಈ ಪತ್ರದಲ್ಲಿ ಬೇರೆ ಯಾರ ಮೇಲೆ ಏನು ದೂರಿದ್ದರೂ ಅದನ್ನು ಮರೆಮಾಚುವುದಿಲ್ಲ.

ತಾವು ಅಧಿಕಾರ ವಹಿಸಿಕೊಂಡ ಮೇಲೆ ನನ್ನ ಪುಸ್ತಕ ಉಗ್ರಾಣಕ್ಕೆ ಹೋಯಿತು, ನನಗೆ ಹಳದಿ ಬಟ್ಟೆಯೊಂದು ಬಂತು. ದಿನವೂ ಕೆಲಸ ಬಿಟ್ಟ ಮೇಲೆ ನಲವತ್ತೆರಡು ಮಂದಿಯ ಬೆರಳಿನ ಹಸಿರು ಕಲೆಗಳನ್ನು ತಮ್ಮ ಮುಖದಿಂದ ಒರೆಸುವುದೇ ನನ್ನ ಹೊಸ ಹುದ್ದೆ. ಮಾರ್ಚ್ ಎರಡನೆಯ ಶನಿವಾರವೂ ಹಾಗೆಯೇ ಒರೆಸುತ್ತಿದ್ದೆ.

ಅಂದು ನಾಲ್ಕಕ್ಕೆ ಐದು ನಿಮಿಷವಿದ್ದಾಗ ಓಲಿಂಪಿಯಾ ಇಂಬಾಗೋ ಕೊನೆಯ ಎರಡು ಬಕೆಟ್ ಗುಲಾಬಿ ಎತ್ತಿಕೊಂಡು ಕೋಲ್ಡ್ ರೂಮಿಗೆ ಹೋದಳು. ತಮ್ಮ ಕಡತದಲ್ಲಿ ಅವಳು ಸೊನ್ನೆ ಸೊನ್ನೆ ಮೂರು ಒಂದು. ಅವಳ ಮಗಳ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ನಾನು. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತೇವೆ. ಆ ಕೋಣೆಯ ಒಳಗಿನ ಹಿಡಿಕೆ ಒಂದು ತಿಂಗಳಿಂದ ಸಡಿಲವಾಗಿತ್ತು. ಬಾಯಲ್ಲಿ ಹೇಳಿದ್ದೆವು, ಬರೆದೂ ಕೊಟ್ಟಿದ್ದೆವು, ಸರಿಮಾಡಿಸುವವರೆಗೆ ಇರಲಿ ಎಂದು ಬಾಗಿಲ ಕೆಳಗೆ ಮರದ ಬೆಣೆಯೊಂದನ್ನು ತುರುಕಿ ಒಳಗೆ ಹೋಗುತ್ತಿದ್ದೆವು. ಅಂದು ಬೆಣೆ ಜಾರಿತು, ಬಾಗಿಲು ಮುಚ್ಚಿಕೊಂಡಿತು, ಹಿಡಿಕೆ ಅವಳ ಕೈಗೇ ಕಿತ್ತು ಬಂತು. ಒಳಗೆ ಎರಡು ಡಿಗ್ರಿ. ಫೋನುಗಳೆಲ್ಲ ನಿಯಮದ ಪ್ರಕಾರ ಹೊರಗಿನ ಕಪಾಟಿನಲ್ಲಿ. ತಂಪು ಮಾಡುವ ಯಂತ್ರದ ಸದ್ದಿನಲ್ಲಿ ಬಾಗಿಲು ಬಡಿದರೆ ಬಡಿದವಳಿಗೇ ಕೇಳಿಸದು. ಮರುದಿನ ಭಾನುವಾರ, ಆ ಬಾಗಿಲನ್ನು ಇನ್ನು ತೆರೆಯುವುದು ಸೋಮವಾರ ಬೆಳಿಗ್ಗೆ.

ಹೊರಗೆ ತಮ್ಮ ಮುಂದೆ ಸಾಲು ಸಾಗಿತ್ತು. ಒಬ್ಬೊಬ್ಬರೂ ಸಂಖ್ಯೆ ಒತ್ತಿ ಬಸ್ಸಿನ ಕಡೆಗೆ ನಡೆದರು. ನಾಲ್ಕು ಹನ್ನೆರಡಕ್ಕೆ ಸಾಲು ಮುಗಿಯಿತು. ಪುಸ್ತಕವಿದ್ದಿದ್ದರೆ ಗೀಟಿಲ್ಲದ ಹೆಸರೊಂದು ಕಣ್ಣಿಗೆ ಚುಚ್ಚುತ್ತಿತ್ತು. ನನ್ನ ಕೈಯಲ್ಲಿ ಬಟ್ಟೆಯಿತ್ತು. ಮೇಜುಗಳನ್ನೆಲ್ಲ ಒರೆಸಿ, ಕೊನೆಗೆ ತಮ್ಮ ಮುಖಕ್ಕೆ ಬಂದಾಗ ನಾಲ್ಕೂವರೆ ಆಯಿತು, ತಾವು ಒಂದು ಹಸಿರು ಎಲೆಯನ್ನು ಅರಳಿಸಿ ‘ಎಲ್ಲರೂ ಹೊರಟಿದ್ದಾರೆ, ಶುಭ ಸಂಜೆ’ ಎಂದಿರಿ. ನಾನು ಮೂರ್ಖಳಂತೆ ತಮಗೂ ಶುಭ ಸಂಜೆ ಎಂದು ಹೇಳಿ ಬಸ್ಸಿಗೆ ಹೋದೆ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ಶನಿವಾರ ನಾವಿಬ್ಬರೂ ಪೇಟೆಯಲ್ಲಿ ಇಳಿದು ಒಲೆಯಿಂದ ತೆಗೆದ ಬಿಸ್ಕತ್ತು ಕೊಂಡು ಮನೆಗೆ ಹೋಗುವವರು. ಬಸ್ಸು ಹೊರಡುವ ಮೊದಲೇ ಇಳಿದು ಗೇಟಿನ ಬಳಿ ನಿಂತಿದ್ದ ಇಂಜಿನಿಯರರನ್ನು ಕೇಳಿದೆ. ಅವರು ತಾವು ಕಳಿಸಿದ್ದ ವರದಿಯನ್ನು ಫೋನಿನಲ್ಲಿ ತೆರೆದು ತೋರಿಸಿದರು. ನಲವತ್ತೆರಡು ಮಂದಿ ಒಳಗೆ, ನಲವತ್ತೆರಡು ಮಂದಿ ಹೊರಗೆ. ಗಂಡನ ಮೋಟಾರ್‌ಸೈಕಲ್ ಹತ್ತಿ ಹೋಗಿರಬೇಕು ಎಂದರು.

“ನನಗೆ ಹೇಳ್ದೆ ಅವಳು ಹೋಗಲ್ಲ, ಇಂಜಿನಿಯರ್.”

“ದೋನ್ಯಾ ಬಾಲ್ಬಿನಾ, ನಲವತ್ತು ಜನ ಬಸ್ಸಲ್ಲಿ ಕೂತು ಕಾಯ್ತಿದಾರೆ. ಇಲ್ಲೇ ಬರ್ದಿದೆ ನೋಡಿ, ಓಲಿಂಪಿಯಾ ಇಂಬಾಗೋ, ಹೊರಗೆ, ನಾಲ್ಕೂವರೆ. ಇನ್ನೇನು ಬೇಕು ನಿಮ್ಗೆ?”

ನಾಲ್ಕೂವರೆಗೆ ಆ ಬಾಗಿಲಲ್ಲಿ ನಾನೊಬ್ಬಳೇ ನಿಂತಿದ್ದೆ, ತಮ್ಮ ಮುಖ ಒರೆಸುತ್ತ. ನನ್ನನ್ನು ದಾಟಿ ಯಾರೂ ಹೋಗಿರಲಿಲ್ಲ. ಅವಳನ್ನು ಹೊರಗೆ ಕಳಿಸಿದವರು ತಾವು, ಕಳಿಸಬಹುದು ಎಂದು ಒತ್ತಿದವಳು ನಾನು.

“ಅದು ಅವಳು ಒತ್ತಿದ್ದಲ್ಲ, ನಾವು ಒತ್ತಿದ್ದು,” ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ ನೋಡಲು ನಿಲ್ಲದೆ ಹಿಂದಕ್ಕೆ ಓಡಿದೆ.

ವಿಂಗಡಣೆ ಮನೆಯ ಕಾವಲುಗಾರ ನೆಪ್ತಾಲಿ ಆಗಲೇ ಬಾಗಿಲಿಗೆ ಅಡ್ಡಪಟ್ಟಿ ಹಾಕಿದ್ದ. ಸಂಖ್ಯೆ ಒತ್ತದೆ ಒಳಗೆ ಬಿಡಬಾರದೆಂದು ಅವನಿಗೆ ಅಪ್ಪಣೆಯಾಗಿತ್ತು, ಆದ್ದರಿಂದ ಒತ್ತಿದೆ. ಇಂದಿನ ನಿಮ್ಮ ಕೆಲಸ ಮುಗಿದಿದೆ, ವಿಶ್ರಾಂತಿ ಪಡೆಯಿರಿ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಹತ್ತೊಂಬತ್ತು ವರ್ಷದಲ್ಲಿ ಈ ಕಂಪನಿಯಲ್ಲಿ ನನಗೆ ವಿಶ್ರಾಂತಿ ಪಡೆಯಿರಿ ಎಂದವರು ತಾವೊಬ್ಬರೇ; ಆ ಕರುಣೆಯನ್ನು ಮರೆಯಲಾರೆ. ಮತ್ತೆ ಒತ್ತಿದೆ, ಮತ್ತೆ ಅದೇ ಕರುಣೆ. ನೆಪ್ತಾಲಿ ತಮ್ಮ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಪಟ್ಟಿ ತೆಗೆದು ಬೆಟ್ಟದ ಕಡೆಗೆ ತಿರುಗಿ ನಿಂತ.

“ನಾನೇನೂ ನೋಡಿಲ್ಲಕ್ಕ, ನೀವು ಹೋಗಿ.”

ಒಳಗೆ ಹೋಗಿ ಕೂಗಿದೆ. ಯಂತ್ರದ ಸದ್ದು ಬಿಟ್ಟರೆ ಏನೂ ಇಲ್ಲ. ಮುಟ್ಟಬಾರದೆಂದು ಕೆಂಪಕ್ಷರದಲ್ಲಿ ಬರೆದಿದ್ದ ಸ್ವಿಚ್ಚನ್ನು ಕೆಳಗೆ ಎಳೆದೆ. ಫ್ಯಾನುಗಳು ನಿಧಾನವಾಗಿ ನಿಂತವು. ಆಗ ಕೇಳಿಸಿತು, ಬಕೆಟ್ಟಿನಿಂದ ಬಾಗಿಲಿಗೆ ಬಡಿಯುವ ಸದ್ದು, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು. ಹೊರಗಿನ ಹಿಡಿಕೆ ಎಳೆದು ತೆರೆದೆ. ಗುಲಾಬಿ ಕಟ್ಟುವ ರಟ್ಟಿನ ಹಾಳೆಗಳನ್ನು ಎದೆಗೂ ಕಾಲಿಗೂ ಸುತ್ತಿಕೊಂಡು, ತಲೆಗೆ ಏಪ್ರನ್ ಬಿಗಿದುಕೊಂಡು, ತುಟಿಯೆಲ್ಲ ನೀಲಿಯಾಗಿ ಅವಳು ನಿಂತಿದ್ದಳು. ಕೂತರೆ ನಿದ್ದೆ ಬರುತ್ತದೆಂದು ಕೂತಿರಲಿಲ್ಲವಂತೆ.

“ಬಸ್ಸು ಹೋಯ್ತಾ, ಕೊಮಾದ್ರೆ?” ಎಂದಳು.

ನನ್ನ ಶಾಲು ಹೊದಿಸಿ ತಬ್ಬಿಕೊಂಡು ಹೊರಗಿನ ಬಿಸಿಲಿಗೆ ಕರೆತಂದೆ. ನೆಪ್ತಾಲಿ ತನ್ನ ಫ್ಲಾಸ್ಕಿನ ದಾಲ್ಚಿನ್ನಿ ನೀರನ್ನು ಕೊಟ್ಟ; ಲೋಟ ಹಿಡಿಯಲು ಅವಳ ಬೆರಳುಗಳು ಬಗ್ಗಲಿಲ್ಲ, ನಾನೇ ಕುಡಿಸಿದೆ. ಅಷ್ಟರಲ್ಲಿ ಇಂಜಿನಿಯರ್ ಓಡಿಬಂದರು. ಅವಳನ್ನು ನೋಡಿದರು, ಕೈಯಲ್ಲಿದ್ದ ಫೋನನ್ನು ನೋಡಿಕೊಂಡರು, ಅದನ್ನು ಜೇಬಿಗೆ ಹಾಕಿಕೊಂಡು ಕಾರು ತರಲು ಹೋದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಎಡಗೈಯ ಎರಡು ಬೆರಳ ತುದಿಗೆ ಇನ್ನೂ ಸ್ಪರ್ಶ ತಿಳಿಯುವುದಿಲ್ಲ, ಬರಬಹುದು ಎಂದಿದ್ದಾರೆ.

ನಡೆದದ್ದನ್ನು ಇಂಜಿನಿಯರ್ ಕೀತೋ ಕಚೇರಿಗೆ ಬರೆದರು. ಆ ಕಚೇರಿಯವರು ತಮ್ಮನ್ನು ವಿಚಾರಿಸಿದರು, ತಾವು ನೆನಪಿನಲ್ಲಿದ್ದುದನ್ನು ನಿಷ್ಠೆಯಿಂದ ಹೇಳಿದಿರಿ. ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಆವರಣದಲ್ಲಿ ಯಾವ ಕೆಲಸಗಾರರೂ ಇಲ್ಲದಿದ್ದುದರಿಂದ ಯಾವ ಅವಘಡವೂ ನಡೆದಿರುವುದಿಲ್ಲ ಎಂದು ಉತ್ತರ ಬಂತು. ಜೊತೆಗೆ ಒಂಬತ್ತನೆಯ ಸಂಖ್ಯೆಯವರು ಕೆಲಸದ ಅವಧಿ ಮುಗಿದ ಮೇಲೆ ಎರಡು ಬಾರಿ ಒಳಗೆ ನುಗ್ಗಲು ಯತ್ನಿಸಿದ್ದಕ್ಕೆ ಕಾರಣ ಕೇಳಿ ನನಗೊಂದು ನೋಟಿಸು. ತಮ್ಮ ಸತ್ಯಸಂಧತೆಗೆ ಕೈಮುಗಿಯುತ್ತೇನೆ. ನಮ್ಮಂಥ ಮನುಷ್ಯರಾಗಿದ್ದರೆ ಸುಳ್ಳು ಹೇಳುವಾಗ ಒಂದಿಷ್ಟು ಕಣ್ಣು ತಪ್ಪಿಸುತ್ತಿದ್ದೆವು.

ಓಲಿಂಪಿಯಾ ಮೊನ್ನೆ ಗುರುವಾರ ಕೆಲಸಕ್ಕೆ ಮರಳಿದಳು. ಸಂಜೆ ನಾಲ್ಕಕ್ಕೆ ತಮ್ಮ ಮುಂದೆ ಬಂದು ನಿಂತು, ಸಂಖ್ಯೆ ಒತ್ತಿ, ಆಮೇಲೆ ಹೋಗದೆ ನನ್ನ ಕಡೆ ತಿರುಗಿದಳು.

“ಓಲಿಂಪಿಯಾ ಇಂಬಾಗೋ. ಹೊರಟಿದ್ದೀನಿ, ಕೊಮಾದ್ರೆ. ಕೇಳಿಸ್ತಾ?”

ಕೇಳಿಸಿತು ಎಂದೆ. ಅವಳ ಹಿಂದಿನವಳೂ ತನ್ನ ಹೆಸರು ಹೇಳಿದಳು, ಅವಳ ಹಿಂದಿನವಳೂ. ಫಾರಿನಾಂಗೋ ಅಕ್ಕತಂಗಿಯರು ಮೂರು ಬೇರೆ ಬೇರೆ ದನಿಯಲ್ಲಿ ಹೇಳಿದರು. ಹೀಗೆ ಮಾಡಿದರೆ ಸಾಲು ನಿಧಾನವಾಗುತ್ತದೆಂದು ಇಂಜಿನಿಯರ್ ತಡೆಯುತ್ತಾರೇನೋ ಎಂದು ನಾನು ಅವರ ಕಡೆ ನೋಡಿದೆ. ಅವರು ಗೋಡೆಗೆ ಒರಗಿ, ಕೈಕಟ್ಟಿ, ಕೊನೆಯವರೆಗೂ ಕಾದರು. ಎಲ್ಲರೂ ಹೋದ ಮೇಲೆ ತಮ್ಮನ್ನು ಕಣ್ಣೆತ್ತಿಯೂ ನೋಡದೆ ನನ್ನ ಮುಂದೆ ಬಂದು ನಿಂತು, ಶಾಲೆಯ ಹುಡುಗನಂತೆ, “ರೊದ್ರೀಗೋ ಮೊಂತಾಲ್ವೋ. ಹೊರಟೆ,” ಎಂದು ಹೇಳಿ ಹೋದರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೋರಿಕೆಗಳು ಕೆಲವೇ ಇವೆ. ತಾವು ರಾಜೀನಾಮೆ ಕೊಡಬೇಕೆಂದು ನಾನು ಕೇಳುವುದಿಲ್ಲ. ತಮ್ಮಂಥವರು ಹೋದರೆ ಇನ್ನೂ ತೆಳ್ಳಗಿನವರು ಬರುತ್ತಾರೆ. ದಯವಿಟ್ಟು ಒಂದು ಶನಿವಾರ ತಾವು ನನ್ನ ಜೊತೆ ಕೋಲ್ಡ್ ರೂಮಿನವರೆಗೆ ಬಂದು, ಒಳಗೆ ಒಂದು ಗಂಟೆ ಇದ್ದು, ಹೊರಗೆ ಬಂದ ಮೇಲೆ ಮೊದಲು ಬಸ್ಸಿನ ವಿಚಾರ ಕೇಳುತ್ತೀರೋ ಮತ್ತೇನು ಕೇಳುತ್ತೀರೋ ತಿಳಿಸಬೇಕು. ಯಾರಾದರೂ ಹೊರಟರೋ ಇಲ್ಲವೋ ತಿಳಿಯದಿದ್ದಾಗ ತಿಳಿಯದು ಎಂದು ಹೇಳಲು ಕಲಿಯಬೇಕು. ಆ ಹಸಿರು ಎಲೆಯ ಜಾಗದಲ್ಲಿ ಅದಕ್ಕೆ ಬೇಕಾದಷ್ಟು ಸ್ಥಳವಿದೆ. ಮತ್ತು ನಾನು ಒತ್ತಿದ ಆ ಹೌದನ್ನು ನನಗೆ ಮರಳಿ ಕೊಡಬೇಕು. ಇಂಜಿನಿಯರರ ಕಾಗದದಲ್ಲಿ ಹುಡುಕಿದೆವು, ಅದನ್ನು ಹಿಂದಕ್ಕೆ ಪಡೆಯುವ ವಿಧಾನ ಬರೆದಿಲ್ಲ. ಕೀತೋದಿಂದ ಒಬ್ಬರು ಬರಬೇಕಂತೆ. ಅಲ್ಲಿಯವರೆಗೆ ತಾವು ಪ್ರತಿ ಸಂಜೆ ನಾಲ್ಕೂವರೆಗೆ ಎಲ್ಲರನ್ನೂ ಮನೆಗೆ ಕಳಿಸುತ್ತಿರಿ. ನಾನು ಒಳಗೆಲ್ಲ ಒಂದು ಸುತ್ತು ನೋಡಿಕೊಂಡು ಆಮೇಲೆ ಹೊರಡುತ್ತೇನೆ.

ತಾವು ವಿಶ್ರಾಂತಿ ಪಡೆಯಿರಿ ಎಂದ ಮೇಲೂ ಪಡೆಯದೇ ಉಳಿದ,
ತಮ್ಮ ವಿಶ್ವಾಸಿ,
ಬಾಲ್ಬಿನಾ ಲಂಚಿಂಬಾ

ಮರೆತಿದ್ದ ಮಾತು: ಶುಕ್ರವಾರ ಕೋಲ್ಡ್ ರೂಮಿನ ಬಾಗಿಲಿಗೆ ಒಳಗಡೆಯಿಂದ ಹೊಸ ಹಿಡಿಕೆ ಹಾಕಿಸಿದ್ದಾರೆ. ಅಗಲವಾದ ಕಬ್ಬಿಣದ ಪಟ್ಟಿ. ಯಾರು ತಳ್ಳಿದರೂ ತೆರೆದುಕೊಳ್ಳುತ್ತದೆ, ಸಂಖ್ಯೆ ಕೇಳುವುದಿಲ್ಲ, ಟೋಪಿ ತೆಗೆಸುವುದಿಲ್ಲ. ಬಹಳ ಕಡಿಮೆ ಓದಿದ್ದು. ಆದರೂ ಬಿಡುವಾದಾಗ ಹೇಳಿ, ತಮಗೆ ಪರಿಚಯ ಮಾಡಿಸುತ್ತೇನೆ.